ಎರಡು ರೆಕ್ಕೆಯ ತಲುಪು

ನಮ್ಮ ಊರಿನ ಹೆಸರಿನಲ್ಲೇ ಬಾಗಿಲಿತ್ತು. ಮೂಡಲ ಬಾಗಿಲು ಎಂಬುದೇ ಜನರ ಬಾಯಲ್ಲಿ ಸವೆದು ಮುಳಬಾಗಿಲು ಆಯಿತೆಂದು ಶಾಲೆಯ ಮಕ್ಕಳೂ ಹೇಳುತ್ತಿದ್ದರು. ಅಂಥ ಊರಿನಲ್ಲಿ ಬಾಗಿಲಿಲ್ಲದ ಮನೆ ಯಾವುದೆಂದರೆ ಅದು ನಮ್ಮದು. ವಾಸ್ಕಲ್ಲು ಇತ್ತು. ಅರಿಶಿನ ಕುಂಕುಮ ಹಚ್ಚಿ, ಮಾವಿನ ತೋರಣ ಕಟ್ಟಿ, ಪೂಜೆ ಮಾಡಿ ನಿಲ್ಲಿಸಿದ ದಪ್ಪನೆಯ ಚೌಕಟ್ಟು. ಅದರೊಳಗೆ ಕೂರಬೇಕಾದ ಬಾಗಿಲು ಮಾತ್ರ ಬಡಗಿಯ ಬಾಯಲ್ಲಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ತೋರಣ ಬದಲಿಸುವಾಗಲೆಲ್ಲ ನಾನು ಗೊಣಗುತ್ತಿದ್ದೆ.

ಅದು ಯುದ್ಧದ ಕಾಲ. ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸತು. ಹಳೆಯ ಮನೆಯ ಮುಂದಿನ ಗೋಡೆ ಕುಸಿದಿದ್ದರಿಂದ ಅತ್ತೆ ಹೊಸದಾಗಿ ಕಟ್ಟಿಸಿದ್ದರು. ಕುರುಡುಮಲೆಯ ಹತ್ತಿರ ಅವರ ತವರಿನ ತೋಟದಲ್ಲಿ ಅವರ ಪಾಲಿಗೆ ಬಂದ ಹಲಸಿನ ಮರವೊಂದಿತ್ತು. ಅದನ್ನು ಕಡಿಸಿ, ಎತ್ತಿನ ಗಾಡಿಯಲ್ಲಿ ತರಿಸಿ, ಬಡಗಿಯ ಅಂಗಳದಲ್ಲಿ ಇಳಿಸಿದರು. ನಮಗೊಂದು ಬಾಗಿಲು ಮಾಡಿಕೊಡು, ಮಿಕ್ಕ ಮರವೆಲ್ಲ ನಿನ್ನ ಕೂಲಿಗೆ ಎಂದು ಮಾತಾಯಿತು. ಬಡಗಿ ಎರಡು ಕೈಯೆತ್ತಿ ಮುಗಿದ. ಆಮೇಲೆ ಅವನು ಕೈ ಆಡಿಸಿದ್ದನ್ನು ನಾವು ನೋಡಲಿಲ್ಲ, ನಾಲಿಗೆ ಆಡಿಸಿದ್ದನ್ನೇ ಕೇಳಿದೆವು.

ಮೊದಲು ಹಲಸು ಹಸಿಯೆಂದ. ಒಣಗಿದ ಮೇಲೆ ಉಳಿ ಮೊಂಡಾಯಿತೆಂದ. ಆಮೇಲೆ ಆಷಾಢ ಬಂತು, ಆಷಾಢದಲ್ಲಿ ಹೊಸ ಬಾಗಿಲು ಕೂರಿಸುವುದುಂಟೇ ಅಮ್ಮಾ ಎಂದು ನಮಗೇ ಶಾಸ್ತ್ರ ಹೇಳಿದ.

ಬಾಗಿಲಿಲ್ಲದಿದ್ದರೆ ಏನಾಯಿತು ಎನ್ನಬಹುದು. ಕಳ್ಳರ ಭಯ ನಮಗಿರಲಿಲ್ಲ, ಕದಿಯುವಂಥದ್ದು ಮನೆಯಲ್ಲಿ ಏನಿತ್ತು! ಭಯವೆಲ್ಲ ಕೋತಿಗಳದ್ದು. ಬಿದಿರಿನ ತಡಿಕೆ ಕಟ್ಟಿದ್ದೆವು; ನಾಯಿಗಳು ಅದಕ್ಕೆ ಮರ್ಯಾದೆ ಕೊಡುತ್ತಿದ್ದವು, ಕೋತಿಗಳು ಅದನ್ನು ಏಣಿ ಮಾಡಿಕೊಂಡವು. ಒಂದು ದಿನ ನಾನು ಹಿತ್ತಲಿನಲ್ಲಿ ಬಟ್ಟೆ ಹಿಂಡಿ ಬರುವಷ್ಟರಲ್ಲಿ ರಾಗಿ ಹಿಟ್ಟಿನ ಮಡಕೆ ಬೀದಿಯಲ್ಲಿತ್ತು, ಮೂತಿಗೆಲ್ಲ ಹಿಟ್ಟು ಬಳಿದುಕೊಂಡ ಗಡವ ಕೋತಿ ನನ್ನನ್ನೇ ಯಾರೆಂಬಂತೆ ನೋಡುತ್ತಿತ್ತು. ಹಾಗಾಗಿ ಮನೆಯಲ್ಲಿ ಯಾವಾಗಲೂ ಒಬ್ಬರು ಇರಲೇಬೇಕು. ನಮ್ಮ ಯಜಮಾನರು ತಾಲ್ಲೂಕು ಕಚೇರಿಯ ಗುಮಾಸ್ತರು, ಅರ್ಧ ತಿಂಗಳು ಕ್ಯಾಂಪು. ಅತ್ತೆ ಬೆಳಗಾದರೆ ಹೊಲಕ್ಕೆ ಹೋಗುವವರು, ಅವರಿಲ್ಲದೆ ಅಲ್ಲಿ ಒಂದು ಕಳೆಯೂ ಕೀಳುವುದಿಲ್ಲ. ಉಳಿದವಳು ನಾನು. ಬಾಗಿಲಿಲ್ಲದ ಮನೆಯಲ್ಲಿ ನಾನೇ ಬಾಗಿಲಾಗಿ ಕೂತೆ.

ಇದನ್ನೂ ಸಹಿಸುತ್ತಿದ್ದೆನೇನೋ. ಆದರೆ ನನ್ನ ತಾಯಿ ಶ್ರೀನಿವಾಸಪುರದಲ್ಲಿದ್ದಳು, ಅವಳ ಎರಡು ಕಣ್ಣಿಗೂ ಪೊರೆ ಬರುತ್ತಿತ್ತು. ಆ ಕಡೆಯಿಂದ ಸಂತೆಗೆ ಬಂದ ನಮ್ಮ ತವರಿನ ಕೇರಿಯ ಹೆಂಗಸೊಬ್ಬಳು ತಡಿಕೆಯ ಆಚೆ ನಿಂತೇ ಹೇಳಿದಳು: "ನಿಮ್ಮಮ್ಮಂಗೆ ಒಲೆ ಉರಿ ಬಿಟ್ರೆ ಬೇರೇನೂ ಸರಿಯಾಗಿ ಕಾಣಲ್ಲ ಕಣೇ. ಪೂರ್ತಿ ಕತ್ಲಾಗೋದ್ರೊಳಗೆ ಮಗಳ ಮುಖ ಒಂದ್ಸಲ ನೋಡ್ಬೇಕು ಅಂತ ದಿನಾ ಕೊರಗ್ತಾಳೆ."

ನಾನು ಅತ್ತೆಯನ್ನು ಕೇಳಿದೆ. ಅವರು ಕೆಟ್ಟವರಲ್ಲ. "ಹೋಗಬೇಡ ಅಂತೀನಾ ಅಮ್ಮಾಯಿ? ತಲುಪು ಬರಲಿ, ಆವತ್ತೇ ಹೋಗು" ಎಂದರು. ತಲುಪು ಎಂದರೆ ಬಾಗಿಲು. ಅತ್ತೆಯ ಮನೆಮಾತು ತೆಲುಗು. ಕನ್ನಡ ಮಾತಾಡಿದರೂ ಮನೆಯ ಸಾಮಾನುಗಳನ್ನೆಲ್ಲ ತೆಲುಗಿನಲ್ಲೇ ಕರೆಯುತ್ತಿದ್ದರು. ನಮ್ಮ ಕಡೆ ಇದೇನೂ ವಿಶೇಷವಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಇಳಿದು ಹತ್ತುವ ಊರು ನಮ್ಮದು.

ಮಾರನೆಯ ದಿನ ಪಕ್ಕದ ಮನೆಯವರನ್ನು ಒಂದು ಗಳಿಗೆ ಕಾವಲು ಕೂರಿಸಿ ನಾನೇ ಬಡಗಿಯ ಹತ್ತಿರ ಹೋದೆ. ನೋಡಿದರೆ ಬಾಗಿಲು ಸಿದ್ಧವಾಗಿದೆ! ಎರಡು ರೆಕ್ಕೆಯ ಬಾಗಿಲು, ಹಲಸಿನ ಹಳದಿ ಬಣ್ಣ, ಗೋಡೆಗೆ ಒರಗಿಸಿಟ್ಟಿದ್ದ. ನನಗೆ ಅದನ್ನು ಅಲ್ಲೇ ತಲೆಯ ಮೇಲೆ ಹೊತ್ತು ಓಡಿಬಿಡೋಣ ಎನ್ನಿಸಿತು.

"ಎಣ್ಣೆ ಬಳೀಬೇಕು ಕಣಮ್ಮಾ. ನಾಳೆ ಗಾಡೀಲಿ ಹಾಕ್ಕೊಂಡು ನಾನೇ ಬರ್ತೀನಿ" ಎಂದ.

ಎರಡು ದಿನ ಕಾದು ಮತ್ತೆ ಹೋದೆ. ಗೋಡೆ ಇತ್ತು, ಬಾಗಿಲಿರಲಿಲ್ಲ. ಹೋಳೂರಿನ ಕಡೆಯ ಯಾರೋ ಸಾಹುಕಾರರ ಹೊಸ ಮನೆಗೆ ಹೋಯಿತೆಂದು ಅಕ್ಕಪಕ್ಕದವರು ಹೇಳಿದರು. ಬಡಗಿಯನ್ನು ಕೇಳಿದರೆ, "ಯಾವ ಬಾಗಿಲಮ್ಮಾ? ನಿಮ್ಮದು ಆವತ್ತೇ ಕೊಟ್ಟಾಯ್ತಲ್ಲ" ಎಂದು ಕಣ್ಣು ಮಿಟುಕಿಸದೆ ಹೇಳಿದ! ನನಗೆ ನೆತ್ತಿಯವರೆಗೆ ಉರಿ ಏರಿತು. ಮನೆಗೆ ಬಂದವಳೇ, "ಅತ್ತೆ, ಕೋರ್ಟಿಗೆ ಹೋಗೋಣ" ಎಂದೆ.

ನಮ್ಮ ಯಜಮಾನರು ಗಾಬರಿಯಾದರು. "ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಒಂದು ಬಾಗಿಲಿಗೆ ಯಾರಾದ್ರೂ ದಾವೆ ಹಾಕ್ತಾರೇನೇ?" ಎಂದರು. ಅತ್ತೆ ಜಗಿಯುತ್ತಿದ್ದ ಎಲೆ ಅಡಿಕೆಯನ್ನು ಹೊರಗೆ ಹೋಗಿ ಉಗುಳಿ ಬಂದು, "ಪದ, ಪೋದಾಂ" ಎಂದರು. ನಡಿ, ಹೋಗೋಣ ಎಂದರ್ಥ. ಅವರನ್ನು ಅಪ್ಪಿಕೊಳ್ಳುವುದೊಂದು ಬಾಕಿ ಉಳಿಯಿತು. ಅತ್ತೆಯನ್ನು ಅಪ್ಪಿಕೊಳ್ಳುವ ಪದ್ಧತಿ ಆಗ ಇರಲಿಲ್ಲ.

ಕೋಲಾರದ ಮುನಸೀಫ್ ಕೋರ್ಟಿನಲ್ಲಿ ದಾವೆ ಬಿತ್ತು. ವಕೀಲರು ಚಿಕ್ಕ ದಾವೆ, ಬೇಗ ಮುಗಿಯುತ್ತದೆ ಎಂದರು. ಬಡಗಿ ತನ್ನ ಉತ್ತರದಲ್ಲಿ ಬಾಗಿಲು ಮಾಡಿ ತಲುಪಿಸಿದ್ದೇನೆ ಎಂದೇ ಬರೆಸಿದ್ದ. ವಿಚಾರಣೆಯ ದಿನ ಅತ್ತೆ ಸಾಕ್ಷಿ ಹೇಳಬೇಕು, ಅವರ ಜೊತೆಗೆ ನಾನು. ಕಾವಲಿಗೆ ನಮ್ಮ ಯಜಮಾನರು! ಅವರು ಕಚೇರಿಗೆ ರಜಾ ಹಾಕಿ, ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದರಲ್ಲಿ ಕೋತಿ ಓಡಿಸುವ ಕೋಲು ಹಿಡಿದು ಹೊಸ್ತಿಲ ಬಳಿ ಕೂತದ್ದನ್ನು ನೋಡಿ ನನಗೆ ಆದ ಸಂತೋಷವನ್ನು ಈಗಲೂ ಮುಚ್ಚಿಡಲಾರೆ. ನಾನು ಹಸಿರು ಧಾರೆ ಸೀರೆ ಉಟ್ಟಿದ್ದೆ. "ಕೋರ್ಟಿಗಾ, ಮದುವೆಗಾ?" ಎಂದು ಅತ್ತೆ ಕೇಳಿದರು. ನಾನು ಅವರಿಗಿಂತ ಮೊದಲು ಬಸ್ಸು ಹತ್ತಿದೆ.

ಇದ್ದಿಲು ಸುಟ್ಟು ಓಡುವ ಬಸ್ಸು ಅದು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ತಳ್ಳುವವರಲ್ಲಿ ನಮ್ಮ ಬಡಗಿಯೂ ಇದ್ದ! ಅವನೂ ಅದೇ ಕೋರ್ಟಿಗೆ ಹೊರಟವನಲ್ಲವೇ. ಕಿಟಕಿಯ ಪಕ್ಕ ಕೂತ ಅತ್ತೆ, "ಗಟ್ಟಿಯಾಗಿ ತಳ್ಳೋ, ಇದನ್ನಾದ್ರೂ ಕೋಲಾರಕ್ಕೆ ಮುಟ್ಟಿಸು" ಎಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ಅವನೂ ಬೆವರು ಒರೆಸಿಕೊಂಡು ಹಲ್ಲು ಬಿಟ್ಟ.

ಕೋರ್ಟಿನ ಜಗುಲಿಯಲ್ಲಿ ವಕೀಲರು ಅತ್ತೆಗೆ ಮತ್ತೆ ಮತ್ತೆ ಹೇಳಿಕೊಟ್ಟರು. "ಮುನಸೀಫರು ಮೈಸೂರಿನ ಕಡೆಯವರು ತಾಯಿ, ಹೊಸದಾಗಿ ಬಂದಿದಾರೆ, ತೆಲುಗು ಬರಲ್ಲ. ಕನ್ನಡದಲ್ಲೇ ಹೇಳಿ. ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ. ಕಥೆ ಬೇಡ." ಅತ್ತೆ ತಲೆಯಾಡಿಸಿದರು. ಈ ಬಾಗಿಲು ಇವತ್ತು ಕೈತಪ್ಪಿದರೆ ಅಮ್ಮನ ಕಣ್ಣಿಗೆ ನಾನು ಮತ್ತೆ ಬೀಳುವುದಿಲ್ಲ ಎಂಬುದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಜವಾನ ಅತ್ತೆಯ ಹೆಸರು ಕೂಗಿದ. ಅತ್ತೆ ಸೆರಗು ಹೊದ್ದು ಕಟಕಟೆಯಲ್ಲಿ ನಿಂತರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಮುನಸೀಫರು ತೆಳ್ಳಗೆ, ಬಿಳಿಯ ಪೇಟ, ಮೆತ್ತಗಿನ ದನಿ. ಮರ ಕೊಟ್ಟದ್ದು ಹೌದೇ ಎಂದು ಕೇಳಿದರು. ಹೌದು. ಬಡಗಿ ಒಪ್ಪಿಕೊಂಡದ್ದು ಹೌದೇ? ಹೌದು. ಎಲ್ಲವೂ ಸುಸೂತ್ರ. ಆಮೇಲೆ ಅವರು ಲೇಖನಿ ಅದ್ದಿಕೊಂಡು ಅಸಲು ಪ್ರಶ್ನೆ ಕೇಳಿದರು:

"ಮಾಲು ನಿಮಗೆ ತಲುಪಿತೇನಮ್ಮಾ?"

ಅತ್ತೆಯ ಮುಖ ಅರಳಿತು. ತೆಲುಗು ಬಾರದು ಎಂದಿದ್ದರಲ್ಲ, ಎಷ್ಟು ಚೆನ್ನಾಗಿ ತಲುಪು ಎಂದರು ಈ ಮಹಾರಾಯರು! ಮಾಲು ಎಂದರೆ ತಲುಪು ತಾನೇ ಎಂದು ಕೇಳುತ್ತಿದ್ದಾರೆಂದೇ ಅತ್ತೆ ತಿಳಿದರು.

"ಹೌದು ಸಾಮಿ, ತಲುಪೇ!" ಎಂದರು ಗಟ್ಟಿಯಾಗಿ.

ಮಾಲು ತಲುಪಿತೆಂದು ಮುನಸೀಫರು ಬರೆದುಕೊಂಡರು. ಕಾಗದದ ಮೇಲೆ ಲೇಖನಿ ಓಡಿದ ಸದ್ದು ನನಗೆ ಹಿಂದಿನ ಬೆಂಚಿಗೂ ಕೇಳಿಸಿತು. ಬಡಗಿ ನೆಟ್ಟಗೆ ನಿಂತ. ನಮ್ಮ ವಕೀಲರು ಬಗ್ಗಿ ಯಾವುದೋ ಕಾಗದ ಹುಡುಕುತ್ತಿದ್ದವರು ತಲೆಯೆತ್ತಲೇ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ನನ್ನ ಕಣ್ಣೆದುರಿಗೇ ಒಡೆಯಿತು.

ಅಷ್ಟಕ್ಕೆ ಬಿಡದೆ ಅತ್ತೆ, ಕೇಳುವವರು ನಮ್ಮವರೇ ಎಂಬ ಹುರುಪಿನಲ್ಲಿ, ವಕೀಲರ ಬುದ್ಧಿಮಾತು ಮರೆತು ಮುಂದುವರಿಸಿದರು. "ಎರಡು ರೆಕ್ಕೆದು ಸಾಮಿ!"

ಮುನಸೀಫರ ಲೇಖನಿ ನಿಂತಿತು. "ಏನಮ್ಮಾ? ರೆಕ್ಕೆಯೇ? ಮಾಲು ಗಾಡಿಯಲ್ಲಿ ಬಂತೋ, ಹಾರಿ ಬಂತೋ?"

ನಾನು ಎದ್ದು ನಿಂತುಬಿಟ್ಟೆ. ಹೇಗೆ ಎದ್ದೆನೋ, ಯಾರು ಎಬ್ಬಿಸಿದರೋ ತಿಳಿಯದು. "ಸ್ವಾಮಿ, ಅದು ತೆಲುಗಿನ ತಲುಪು! ಕನ್ನಡದ್ದಲ್ಲ! ತಲುಪು ಅಂದ್ರೆ ಬಾಗಿಲು! ಬಾಗಿಲು ತಲುಪಿಲ್ಲ ಸ್ವಾಮಿ, ತಲುಪೇ ತಲುಪಿಲ್ಲ!"

ಜವಾನ "ಸದ್ದು!" ಎಂದು ಗದರಿಸಿದ. ಮುನಸೀಫರು ಕನ್ನಡಕದ ಮೇಲಿಂದ ನೋಡಿ, "ನೀವು ಯಾರು?" ಎಂದರು.

"ಸೊಸೆ" ಎಂದೆ.

ಅವರು ನನ್ನನ್ನು ಕೂರುವಂತೆ ಕೈಸನ್ನೆ ಮಾಡಿ ಕೋರ್ಟಿನ ಗುಮಾಸ್ತರ ಕಡೆ ತಿರುಗಿದರು. "ಬಾಗಿಲಿಗೆ ತೆಲುಗಿನಲ್ಲಿ ಏನೆನ್ನುತ್ತಾರ್ರೀ?" ಗುಮಾಸ್ತರು ಬಾಯಿ ತೆರೆಯುವ ಮೊದಲೇ ವಕೀಲರು, ಕಕ್ಷಿಗಾರರು, ಕಿಟಕಿಯಲ್ಲಿ ಇಣುಕುತ್ತಿದ್ದವರು, ಗದರಿಸಿದ ಜವಾನ, ಎಲ್ಲರೂ ಒಂದೇ ಬಾಯಲ್ಲಿ "ತಲುಪು ಸ್ವಾಮಿ" ಎಂದರು. ಕೋಲಾರದಲ್ಲಿ ಅಷ್ಟು ತೆಲುಗು ಬಾರದವರು ಯಾರಿದ್ದಾರೆ! ರೆಕ್ಕೆಯೆಂದರೆ ಬಾಗಿಲಿನ ಒಂದೊಂದು ಪಾಲು ಎಂಬ ವಿವರಣೆಯೂ ಆಯಿತು. ಮುನಸೀಫರು ತುಟಿ ಬಿಗಿಹಿಡಿದು ನಗು ನುಂಗಿ, ಬರೆದದ್ದರ ಮೇಲೆ ಗೀಟೆಳೆದು, ಈ ಸಲ ತೂಗಿ ತೂಗಿ ಕೇಳಿದರು: "ಬಾಗಿಲನ್ನು ಈತ ನಿಮ್ಮ ಮನೆಗೆ ತಂದುಕೊಟ್ಟನೇ?"

"ಇಲ್ಲ" ಎಂದರು ಅತ್ತೆ. ಅವರ ದನಿ ಸಣ್ಣಗಾಗಿತ್ತು, ಪಾಪ.

ಈಗ ಬಡಗಿಯ ಸರದಿ. ಅವನಿಗೆ ಗೆಲುವು ಕೈಗೆ ಸಿಕ್ಕಿ ಜಾರಿದ ಕೋಪ. ಮುನಸೀಫರು ಕೇಳುವ ಮೊದಲೇ ಶುರುಮಾಡಿದ. "ಸುಳ್ಳು ಸ್ವಾಮಿ! ನಾನೇ ಗಾಡೀಲಿ ತಗೊಂಡು ಹೋದೆ. ಮಧ್ಯಾಹ್ನದ ಹೊತ್ತು. ಬಾಗಿಲು ತಟ್ಟಿದೆ, ಈಯಮ್ಮನೇ ಎದ್ದು ಬಂದು ಬಾಗಿಲು ತೆಗೆದ್ರು. ಕೈಯಾರೆ ಒಪ್ಪಿಸಿ ಬಂದೆ."

ಮುನಸೀಫರು ಲೇಖನಿ ಕೆಳಗಿಟ್ಟರು. "ಯಾವ ಬಾಗಿಲು ತಟ್ಟಿದೆಯಪ್ಪಾ?"

ಕೋರ್ಟಿನಲ್ಲಿ ಎದ್ದ ನಗುವಿಗೆ ಜವಾನನೂ ಸೇರಿಕೊಂಡ. ನಾನಂತೂ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ನಗು, ಅಳು ಎರಡೂ ಬರುತ್ತಿದ್ದವು. ಹದಿನೈದು ದಿನದೊಳಗೆ ಬಾಗಿಲು ಮಾಡಿ ವಾಸ್ಕಲ್ಲಿಗೆ ಕೂರಿಸಿಕೊಡಬೇಕೆಂದು ತೀರ್ಪಾಯಿತು. ಹೊರಗೆ ಬಂದ ಮೇಲೆ ವಕೀಲರು ಕೇಸು ಗೆದ್ದುಕೊಟ್ಟೆ ಎಂಬ ಮುಖ ಹೊತ್ತು ನಿಂತಿದ್ದರು. ಅತ್ತೆ ಅವರಿಗೆ ನಮಸ್ಕಾರ ಮಾಡಿ, ನನ್ನ ಕಡೆ ತಿರುಗಿ, "ನೋರುಂದಿ ನೀಕು" ಎಂದರು. ನಿನಗೆ ಬಾಯಿದೆ ಎಂದರ್ಥ. ಅತ್ತೆಯಂದಿರು ಇದನ್ನು ಬೈಗುಳವಾಗಿ ಹೇಳುತ್ತಾರೆ, ನಮ್ಮತ್ತೆ ಹಾಗೆ ಹೇಳಲಿಲ್ಲ.

ಬಸ್ಸಿಗೆ ಕಾಯುವಾಗ ಶ್ರೀನಿವಾಸಪುರಕ್ಕೆ ಹೋಗುವ ಚಿಕ್ಕ ರೈಲು ಕೂಗಿದ್ದು ಕೇಳಿಸಿತು. ನನ್ನ ಕಾಲು ತಾನಾಗಿ ಎರಡು ಹೆಜ್ಜೆ ಆ ಕಡೆ ಹೋಯಿತು. ಅತ್ತೆ ನೋಡಿದರು, ನನ್ನ ಕೈ ಹಿಡಿದುಕೊಂಡರು. ಬಸ್ಸು ಬರುವವರೆಗೂ ಬಿಡಲಿಲ್ಲ.

ಗಡುವು ಮುಗಿಯುವ ಮುನ್ನವೇ ಬಡಗಿ ಗಾಡಿ ಹೊಡೆದುಕೊಂಡು ಬಂದ. ಹೇಳಲೇಬೇಕು, ಒಳ್ಳೆಯ ಬಾಗಿಲು. ಸಂದು ಬಿಡದೆ ಕೂರಿಸಿ, ಅಗುಳಿ ಹಾಕಿ ತೆಗೆದು ತೋರಿಸಿ, "ಈಗ ತಟ್ಟಲಾ ಅಮ್ಮಾ?" ಎಂದು ತಾನೇ ನಕ್ಕ. ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟರು. ನಾನು ಆ ಹೊತ್ತಿಗೆ ಗಂಟು ಕಟ್ಟಿ ಮುಗಿಸಿದ್ದೆ. ಅತ್ತೆ ಒಂದು ಬುಟ್ಟಿ ಹಲಸಿನ ತೊಳೆ ನನ್ನ ಕೈಗಿಟ್ಟು, "ಪದ ಪದ, ಬಸ್ಸು ಹೋಗುತ್ತೆ" ಎಂದು ನನ್ನನ್ನು ದಬ್ಬಿದರು.

ಕೋಲಾರದಲ್ಲಿ ಚಿಕ್ಕ ರೈಲು ಹತ್ತಿದೆ. ಅದು ಎಷ್ಟು ನಿಧಾನವೆಂದರೆ ಇಳಿದು ಓಡೋಣವೇ ಎನ್ನಿಸಿತು. ಸಂದೇಹ ಈಗ ಹತ್ತಿಕೊಂಡಿತ್ತು. ತಡವಾಗಿದ್ದರೆ? ಒಲೆಯ ಉರಿಯೂ ಕಾಣದಂತೆ ಆಗಿದ್ದರೆ? ನಿಲ್ದಾಣದಿಂದ ಮನೆಯವರೆಗೆ ಬುಟ್ಟಿ ಹೊತ್ತು ಓಡಿದ್ದು ಮಾತ್ರ ನೆನಪಿದೆ, ದಾರಿಯಲ್ಲಿ ಯಾರು ಮಾತಾಡಿಸಿದರೋ ನೆನಪಿಲ್ಲ.

ಅಮ್ಮ ಅಂಗಳದ ಬಿಸಿಲಿನಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬೆರಳಿನಿಂದಲೇ ತಡವಿ ತಡವಿ ಬಿಡಿಸುತ್ತಿದ್ದಳು, ಕೆಳಗೆ ನೋಡುತ್ತಿರಲಿಲ್ಲ. ಎದುರಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತೆ. ಅವಳು ಕೈ ನಿಲ್ಲಿಸಿ, ಮುಖವನ್ನು ನನ್ನ ಮುಖದ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ತಂದಳು. ಕಣ್ಣು ಕಿರಿದು ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ, ನನ್ನನ್ನು ಹಣೆಯಿಂದ ಗಲ್ಲದವರೆಗೆ ಹುಡುಕಿದಳು.

"ಏನೇ ಇದು, ಇಷ್ಟು ಕರ್ರಗಾಗಿದೀಯಾ?" ಎಂದಳು.

ಕಪ್ಪೆಂದು ಕರೆಸಿಕೊಂಡು ಅಷ್ಟು ಸಂತೋಷಪಟ್ಟ ಹೆಣ್ಣು ಈ ಲೋಕದಲ್ಲಿ ಇನ್ನೊಬ್ಬಳಿರಲಾರಳು. ಅವಳ ಹುಣಸೆಹಣ್ಣಿನ ಕೈಗಳನ್ನು ಕೆನ್ನೆಗೆ ಒತ್ತಿಕೊಂಡು, "ಇನ್ನೊಂದ್ಸಲ ಹೇಳಮ್ಮಾ" ಎಂದೆ.