ಥರ್ಮಾಮೀಟರ್ ಪೆಟ್ಟಿಗೆಗೆ ಗಾಜು ಕೂಡಿಸಿದ್ದು

1944ರ ಬೇಸಿಗೆ. ಆಗ ನಾನು ರಾಯಚೂರಿನ ಒಂದು ಸರಕಾರಿ ಕಾರಖಾನೆಯಲ್ಲಿ ಬಡಿಗ. ಮಾನ್ವಿಯ ಶಾಲೆಯನ್ನು ನಾಲ್ಕನೇ ಇಯತ್ತೆಗೇ ಬಿಟ್ಟವನು. ಆದರೂ ನಾನು ಕೂಡಿಸಿದ ಚೌಕಟ್ಟಿನ ಸಂದಿಯಲ್ಲಿ ಕೂದಲು ಸಹ ತೂರುತ್ತಿರಲಿಲ್ಲ. ಆ ಹಮ್ಮು ಈಗಲೂ ಇದೆ. ಅದೇ ಹಮ್ಮಿನಿಂದ ಮಾಡಿದ ಒಂದು ಕೆಲಸ ನೆನೆದರೆ ಮಾತ್ರ ಇವತ್ತಿಗೂ ಹೇಸಿಗೆ ಬರುತ್ತದೆ.

ದೇವದುರ್ಗದ ಒಂದು ಕಚೇರಿಯ ಅಂಗಳದಲ್ಲಿ ನಾಲ್ಕು ಕಾಲಿನ ಬಿಳಿ ಪೆಟ್ಟಿಗೆ ಇತ್ತು. ಅದರೊಳಗಿನ ಥರ್ಮಾಮೀಟರ್ ನೋಡಿ ದಿನಾ ಗಾಳಿಯ ಉಷ್ಣತೆ ಬರೆಯುವವರು ಖಾದರ್ ಸಾಬರು. ಪೆಟ್ಟಿಗೆಯ ಎಲ್ಲಾ ಬದಿಗೂ ನಡುನಡುವೆ ಸಂದಿ ಬಿಟ್ಟ ಮರದ ಓರೆ ಪಟ್ಟಿಗಳು. ಗಾಳಿ ಆಡಬೇಕು, ಬಿಸಿಲು ತಾಗಬಾರದು ಅಂತ. ಈ ಕಾರಣ ನನಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ನಾನು ಕೇಳಲೇ ಇಲ್ಲ.

ಅಲ್ಲಿನ ಸಾಹೇಬರಿಗೆ ಗಾಜಿನ ಕಪಾಟೆಂದರೆ ಜೀವ. ಹೈದರಾಬಾದಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು, ಅದಕ್ಕೇ ರಾಯಚೂರಿನಿಂದ ನನ್ನನ್ನು ಕರೆಸಿದ್ದರು.

"ಪಟ್ಟಿ ಕಿತ್ತು ಗಾಜು ಹಾಕು. ಧೂಳ ಒಳಗ ಹೊಗಂಗಿಲ್ಲ, ಬಾಗಿಲ ತೆಗೀಲಾರದ ಎಲ್ಲಾ ಕಾಣ್ತದ," ಎಂದರು.

"ಬ್ಯಾಡ್ರಿ ಸಾಹೇಬ್ರ, ಲೆಕ್ಕ ಕೆಡ್ತದ," ಎಂದು ಖಾದರ್ ಸಾಬರು ತಡೆದರು. ಸಾಹೇಬರು ಅವರತ್ತ ತಿರುಗಿಯೂ ನೋಡಲಿಲ್ಲ.

ನಾನು ನಕ್ಕು, "ಸಾಬ್ರ, ನನ್ನ ಕೈ ನೋಡ್ರಿ. ಗಾಳಿ ಸೈತ ಒಳಗ ಹೊಗಂಗಿಲ್ಲ," ಎಂದೆ.

"ನಂಗ ಅದ ಭಯ ಅದನೋ."

ಎರಡೇ ದಿನದಲ್ಲಿ ಕೂಡಿಸಿದೆ. ದೊಡ್ಡ ಸಾಹೇಬರು ಬಂದು ಮೆಚ್ಚಿ ಹೋದರು. ಆದರೆ ಅಲ್ಲಿಂದ ಮುಂದೆ ರಾಯಚೂರಿನಲ್ಲಿ 106 ಡಿಗ್ರಿ ಫ್ಯಾರನ್‌ಹೀಟ್ ಇದ್ದ ದಿನ ದೇವದುರ್ಗದಲ್ಲಿ 121. ಖಾದರ್ ಸಾಬರು ಕಂಡದ್ದನ್ನೇ ಬರೆದರು. ಯಂತ್ರ ನೋಡದೆ ಮನೆಯಲ್ಲಿ ಕೂತು ಬರೆಯುತ್ತಾರೆ, ಇವರನ್ನು ತೆಗೆಯಿರಿ ಎಂದು ಮೇಲಿನಿಂದ ಹುಕುಂ ಬಂತು. ಸಾಹೇಬರು ಅದನ್ನು ಓದಿ ಹೇಳಿ ಕೈ ತೊಳೆದುಕೊಂಡರು.

ಖಾದರ್ ಸಾಬರು, ಯುದ್ಧದ ದಿನಗಳಲ್ಲಿ ಪೆಟ್ರೋಲ್ ಸಿಗದೆ ಓಡುತ್ತಿದ್ದ ಇದ್ದಿಲ ಗ್ಯಾಸಿನ ಬಸ್ಸು ಹಿಡಿದು, ಗಬ್ಬೂರು, ಕಲ್ಮಲ ದಾಟಿ, ನನ್ನ ಕಾರಖಾನೆಗೇ ಬಂದರು.

"ಲೇ ಈರಪ್ಪಾ, ನಿನ್ನ ಕೈಚಳಕ ನನ್ನ ನೌಕರಿ ತಿಂತು ನೋಡು."

"ಗಾಜಿನಿಂದ ಏನಾತ್ರಿ ಅಂಥಾದ್ದು?"

"ಸೂರ್ಯನ ಬೆಳಕು ಗಾಜು ದಾಟಿ ಒಳಗ ಹೋಗ್ತದ. ಕಟ್ಟಿಗಿ ಅದನ್ನ ಹೀರಿ ಕಾಯ್ತದ. ಕಾದ ಕಟ್ಟಿಗಿ ತಿರುಗಿ ಬಿಡೋದು ಕಣ್ಣಿಗೆ ಕಾಣದ ಶಾಖದ ಅಲಿ, ಇನ್‌ಫ್ರಾರೆಡ್ ಅಂತಾರ. ಅದನ್ನ ಗಾಜು ಹೊರಗ ಬಿಡಂಗಿಲ್ಲ. ಬಿಸಿಗಾಳಿ ಹೋಗೋ ಸಂದಿ ನೀನ ಮುಚ್ಚಿದಿ."

"ಹಂಗಾರ ಬಯಲಾಗ ಗಾಳಿ ಹ್ಯಾಂಗ ಕಾಯ್ತದ್ರಿ? ಮ್ಯಾಲ ಗಾಜಿಲ್ಲಲ್ಲ."

"ನೀರಾವಿ ಅದ, ಕಾರ್ಬನ್ ಡೈಆಕ್ಸೈಡ್ ಅದ. ಅವು ಬೆಳಕನ್ನ ಕೆಳಗ ಬಿಡ್ತಾವ. ನೆಲದಿಂದ ಏಳೋ ಶಾಖದ ಅಲಿ ಹೀರಿಕೊಂಡು ಒಂದಿಷ್ಟು ತಿರುಗಿ ನೆಲಕ್ಕ ಕಳಸ್ತಾವ. ನಿನ್ನ ಗಾಜಿನಂಗ ಗಾಳಿ ಕಟ್ಟಿ ಹಾಕಂಗಿಲ್ಲ, ಅಷ್ಟ ಫರಕು. ಅವಿಲ್ಲಂದ್ರ ಭೂಮಿ ಹೆಪ್ಪುಗಟ್ಟಿ ಬರ್ಫ್ ಆಗ್ತಿತ್ತು."

ಅಂದೇ ಓರೆ ಪಟ್ಟಿಯ ಇನ್ನೊಂದು ಪೆಟ್ಟಿಗೆ ಶುರು ಮಾಡಿದೆ. ನಾಲ್ಕನೇ ದಿನ ಅದನ್ನು ದೇವದುರ್ಗಕ್ಕೆ ಒಯ್ದು ಗಾಜಿನ ಪೆಟ್ಟಿಗೆಯ ಪಕ್ಕ ನಿಲ್ಲಿಸಿ, ಒಳಗೆ ಇನ್ನೊಂದು ಥರ್ಮಾಮೀಟರ್ ಇಟ್ಟೆವು. ಮಧ್ಯಾಹ್ನ ಸಾಹೇಬರನ್ನು ಕರೆತಂದು ತೋರಿಸಿದೆವು. ಗಾಜಿನೊಳಗೆ 120, ಪಟ್ಟಿಯೊಳಗೆ 105.

ಸಾಹೇಬರು ಎರಡನ್ನೂ ನೋಡಿ, "ಈ ಗಾಜು ಯಾರು ಹಾಕಂದ್ರು?" ಎಂದರು.

ಗಾಜು ಹಾಕೆಂದು ಅವರೇ ಹೇಳಿದ್ದನ್ನು ಕೇಳಿಸಿಕೊಂಡಿದ್ದ ಗುಮಾಸ್ತರೆಲ್ಲ ನೆಲ ನೋಡುತ್ತ ನಿಂತರು. ಕಾಗದ ತಯಾರಾಯಿತು: ಬಡಿಗ ತನ್ನ ಮನಸ್ಸಿಗೆ ಬಂದಂತೆ ಗಾಜು ಕೂಡಿಸಿದ. ನಾನು ಸಹಿ ಮಾಡಿದರೆ ಖಾದರ್ ಸಾಬರು ಉಳಿಯುತ್ತಾರೆ, ಇಲ್ಲವಾದರೆ ಇಲ್ಲ.

"ಬ್ಯಾಡ ಈರಪ್ಪಾ, ಸುಳ್ಳಿಗೆ ಸಹಿ ಹಾಕಬ್ಯಾಡ," ಎಂದರು ಅವರು.

"ಅರ್ಧ ಖರೇ ಅದಲ್ರಿ ಸಾಬ್ರ. ಕೂಡಿಸಿದಂವ ನಾನ," ಎಂದು ಸಹಿ ಹಾಕಿದೆ.

ಖಾದರ್ ಸಾಬರ ನೌಕರಿ ಉಳಿಯಿತು. ತಪ್ಪು ಕಂಡುಹಿಡಿದರೆಂದು ಸಾಹೇಬರಿಗೆ ಹೈದರಾಬಾದಿನಿಂದ ಶಾಬಾಸ್‌ಗಿರಿಯ ಪತ್ರ ಬಂತು. ಅದನ್ನವರು ಗಾಜಿನ ಚೌಕಟ್ಟು ಹಾಕಿಸಲು ನನ್ನ ಹತ್ತಿರವೇ ಕಳಿಸಿದರು! ನಾನು ತಿರುಗಿ ಕಳಿಸಿದೆ.

ಅಂಥವರನ್ನು ತಿದ್ದುವುದು ನನ್ನ ಕೈಲಿರಲಿಲ್ಲ. ನನ್ನ ಕೈಲಿದ್ದದ್ದು ಉಳಿ. ಹಳೆಯ ಕೆಲಸ ಯಾವುದನ್ನೇ ಕೀಳುವ ಮುಂಚೆ, ಇದನ್ನು ಹೀಗೆ ಯಾಕೆ ಮಾಡಿದ್ದಾರೆ ಎಂದು ಕೇಳಿ, ಉತ್ತರ ಸಿಗುವವರೆಗೆ ಉಳಿ ಎತ್ತಬಾರದು. ನನ್ನ ಕಸುಬು ಕಲಿಸಿದ್ದು ಇಷ್ಟು, ಅದೂ ಒಬ್ಬ ಒಳ್ಳೆಯ ಮನುಷ್ಯನ ಅನ್ನಕ್ಕೆ ಕಲ್ಲು ಬಿದ್ದ ಮೇಲೆ.