ಬಾಗಿಲ ಹೊರಗಿಟ್ಟ ಕಂಬಳಿ

ಜರ್ಮನಿಯ ನ್ಯೂರೆಂಬರ್ಗಿನ ಆ ಹೋಟೆಲ್ ಕೋಣೆ ನಮ್ಮ ಜಿಲ್ಲಾ ಆಸ್ಪತ್ರೆಯ ಸ್ಪೆಷಲ್ ವಾರ್ಡಿನಷ್ಟೇ ಇತ್ತು. ಒಳಗೆ ಕಾಲಿಟ್ಟ ಕೂಡಲೇ ನನಗೆ ಹಿಡಿಸಿತು. ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಕೋಟು ನೇತುಹಾಕಲು ಗೋಡೆಯಲ್ಲಿ ಗೂಟ. ಬೇಡದ್ದು ಒಂದೂ ಇರಲಿಲ್ಲ. ಕಿಟಕಿಯ ಸಂದಿಗೆ ಬೆರಳಾಡಿಸಿ ನೋಡಿದೆ, ಧೂಳು ಹತ್ತಲಿಲ್ಲ. ನರ್ಸಿಂಗ್ ಶಾಲೆಯ ಹಾಸ್ಟೆಲ್ಲಿನಲ್ಲಿ ವಾರ್ಡನ್ ಬಂದು ನಮ್ಮ ಕೋಣೆಗಳಲ್ಲಿ ಹಾಗೆ ಬೆರಳಾಡಿಸುತ್ತಿದ್ದರು. ಆಮೇಲೆ ಕೆಲಸದಲ್ಲಿದ್ದಷ್ಟು ಕಾಲವೂ ನಾನು ಅದನ್ನೇ ಮಾಡಿದೆ. ನಿವೃತ್ತಿಯಾದರೂ ಬೆರಳಿಗೆ ಅಭ್ಯಾಸ ಬಿಟ್ಟಿಲ್ಲ.

ಮಂಚ ಒಂದೇ ಆದರೂ ಅದರ ಮೇಲೆ ಹಾಸಿಗೆ ಎರಡು, ಹೊದಿಕೆಯೂ ಎರಡು. ಗಂಡ ಹೆಂಡತಿ ಹೊದಿಕೆ ಎಳೆದಾಡಬಾರದೆಂದು ಆ ಊರಿನವರು ಮೊದಲೇ ಯೋಚಿಸಿದ್ದಾರೆ. ನಮ್ಮ ಯಜಮಾನರು ಅಂಗೈಯಿಂದ ಹೊದಿಕೆಯನ್ನು ಒತ್ತಿ ನೋಡಿದರು. ಅದು ಉಸ್ಸೆಂದು ಇಳಿದು ಮತ್ತೆ ಉಬ್ಬಿತು.

"ಲೇ, ಇದ್ರಾಗೆ ಕೋಳಿ ಪುಕ್ಕ ತುಂಬವ್ರೆ. ನಾನು ಮಲಗಾದಾ, ಮೊಟ್ಟೆಗೆ ಕಾವು ಕೊಡಾದಾ?"

"ಮಲಗ್ರಿ ಸಾಕು."

"ನೀನೇ ಮಲಗು ಸಿಸ್ಟರಮ್ಮ. ನನ್ ಜಾಗ ನನಗೈತೆ" ಎಂದು ಪೆಟ್ಟಿಗೆಯಿಂದ ತಮ್ಮ ಕರಿಕಂಬಳಿ ತೆಗೆದು, ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲೆ ಹಾಸಿದರು.

ನಾವು ಅಲ್ಲಿಗೆ ಹೋದದ್ದು ನನ್ನ ಅಕ್ಕನ ಮಗಳನ್ನು ನೋಡಲು. ಹಿರಿಯೂರಿನವಳು, ನನ್ನ ಹಾಗೆ ನರ್ಸು. ಈಗೀಗ ನಮ್ಮ ಕಡೆಯ ಹೆಣ್ಣುಮಕ್ಕಳು ಜರ್ಮನ್ ಭಾಷೆ ಕಲಿತು ಅಲ್ಲಿನ ಆಸ್ಪತ್ರೆಗಳಿಗೆ ಹೋಗುತ್ತಿದ್ದಾರಲ್ಲ, ಹಾಗೆ ಹೋದವಳು. ಅವಳಿದ್ದ ವಸತಿಗೃಹದಲ್ಲಿ ಹೊರಗಿನವರು ಉಳಿಯುವಂತಿರಲಿಲ್ಲ. ಅದಕ್ಕೆ ಹಳೆಯ ಊರಿನ ಕೋಟೆಗೋಡೆಯ ಒಳಮಗ್ಗುಲಲ್ಲಿ ಈ ಅಗ್ಗದ ಹೋಟೆಲ್ ಗೊತ್ತುಮಾಡಿದ್ದಳು. "ಚಿಕ್ಕಮ್ಮ, ದೊಡ್ಡ ಹೋಟ್ಲಲ್ಲ, ಬೇಜಾರ್ ಮಾಡ್ಕಬ್ಯಾಡ" ಎಂದು ವಿಮಾನ ನಿಲ್ದಾಣದಿಂದಲೂ ಹೇಳುತ್ತಲೇ ಬಂದಳು. ನನಗೆ ಬೇಜಾರಾಗಿರಲಿಲ್ಲ. ಅಲ್ಲಿ ತಿಂಡಿಗೆ ಗೊತ್ತಾದ ಹೊತ್ತಿತ್ತು, ಬಿಸಿನೀರಿಗೆ ಕಾಯಬೇಕಿರಲಿಲ್ಲ, ರಾತ್ರಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಇಷ್ಟಿದ್ದರೆ ನನಗೆ ಸಾಕು.

ಆ ಕಂಬಳಿಯ ಸಂಗತಿ ಹೇಳಬೇಕು. ನಮ್ಮ ಯಜಮಾನರದು ಶ್ರೀರಾಂಪುರದ ಹತ್ತಿರದ ಕುರಿ ಸಾಕುವ ಮನೆ. ಅವರು ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬರುವ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದರು. ನಮ್ಮ ಮಾವನವರು ಕುರಿಯನ್ನೂ ಕಾಯುತ್ತಿದ್ದರು, ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕಂಬಳಿಯನ್ನೂ ನೇಯುತ್ತಿದ್ದರು. ಹುಣಸೆಬೀಜ ಅರೆದು ಕಾಯಿಸಿದ ಗಂಜಿ ಬಳಿದು, ಒದ್ದೆ ಕಂಬಳಿಯನ್ನು ಓಣಿಯಲ್ಲಿ ಮನೆಮಂದಿಯೆಲ್ಲ ನಾಲ್ಕು ಮೂಲೆ ಹಿಡಿದು ಎಳೆಯಬೇಕು, ಆಗಲೇ ಅದು ಹದಕ್ಕೆ ಬರುವುದು. ಹೊಸ ಸೊಸೆ ನನಗೂ ಒಂದು ಮೂಲೆ ಕೊಟ್ಟಿದ್ದರು. ಹೊಳಲ್ಕೆರೆ ಪೇಟೆಯಲ್ಲಿ ಬೆಳೆದವಳು ನಾನು, ಗಂಜಿ ಸೀರೆಗೆ ಹತ್ತುತ್ತದೆಂದು ಬೆರಳ ತುದಿಯಲ್ಲಿ ಹಿಡಿದಿದ್ದೆ. "ಎಳೀಯವ್ವ, ಅದೇನು ಕಚ್ಚಾಕಿಲ್ಲ!" ಎಂದು ಮಾವ ಕೂಗಿದರೆ ಓಣಿಯೇ ನಕ್ಕಿತ್ತು.

ಇದು ಅವರು ನೇಯ್ದ ಕೊನೆಯ ಕಂಬಳಿ. ಆ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಒಂದು ಅಂಚು ಸ್ವಲ್ಪ ಓರೆಯಾಗಿದೆ. ಅದನ್ನು ಮಾರಲಿಲ್ಲ, ಮಗನಿಗೆ ಕೊಟ್ಟರು. ಅಂದಿನಿಂದ ಇವರು ಅದಿಲ್ಲದೆ ಮಲಗಿದವರಲ್ಲ. ಡಿಪೋದ ವಿಶ್ರಾಂತಿ ಕೋಣೆಯಲ್ಲೂ ಅದೇ, ಬಸ್ಸು ಕೆಟ್ಟು ನಿಂತ ಊರಲ್ಲೂ ಅದೇ. ಆ ಕಂಬಳಿಗೆ ಕುರಿಯ ವಾಸನೆ, ಹೊಗೆಯ ವಾಸನೆ, ಹುಣಸೆಬೀಜದ ವಾಸನೆ ಮೂರೂ ಇದ್ದವು. ನನ್ನ ವಾರ್ಡಿಗೆ ರೋಗಿಗಳ ಕಡೆಯವರು ಕಂಬಳಿ ತಂದರೆ ನಾನು ಒಳಗೆ ಬಿಡುತ್ತಿರಲಿಲ್ಲ. ಒಗೆಯದ ಬಟ್ಟೆಗೆ ವಾರ್ಡಿನಲ್ಲಿ ಜಾಗವಿಲ್ಲ, ಅದು ಸರಿಯಾದ ನಿಯಮ. ಮನೆಯಲ್ಲಿ ಮಾತ್ರ ಈ ಒಂದು ಕಂಬಳಿಗೆ ವಿನಾಯಿತಿ.

ಅವರ ಮನೆತನದಲ್ಲಿ ಕಂಬಳಿಗೊಂದು ಕಟ್ಟುಪಾಡಿದೆ. ಎದ್ದ ಕೂಡಲೇ ಅದನ್ನು ಕೊಡವಿ, ಮಡಚಿ, ಬಾಗಿಲ ಹೊರಗಿಡಬೇಕು. ಹೊರಗಿನ ಗಾಳಿ ಬೆಳಕು ತಾಗದೆ ಒಳಗೇ ಇದ್ದರೆ ಉಣ್ಣೆಗೆ ಹುಳು ಬೀಳುತ್ತದೆ. ಕಂಬಳಿ ಹೊರಗೆ ಬಂದ ಮೇಲೆಯೇ ಮನೆಯವರ ಮುಖ ತೊಳೆಯುವ ಕೆಲಸ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಅದು ಕಾಂಪೌಂಡ್ ಗೋಡೆಯ ಮೇಲಿರುತ್ತದೆ. ಆ ಹೋಟೆಲ್ಲಿನಲ್ಲಿ ಗೋಡೆ ಎಲ್ಲಿಂದ ತರುವುದು? ಕಿಟಕಿ ಮೇಲುಗಡೆಯಿಂದ ಒಂದು ಗೇಣು ಬಾಗುತ್ತಿತ್ತು, ಅಷ್ಟೇ. ಹಾಗಾಗಿ ಇವರು ಕಂಬಳಿಯನ್ನು ನೀಟಾಗಿ ಮಡಚಿ ಕೋಣೆಯ ಬಾಗಿಲ ಹೊರಗೆ, ಓಣಿಯಂಥ ಆ ಹಾದಿಯಲ್ಲಿ ಇಟ್ಟರು. ಮೊದಲ ದಿನ ಭಾನುವಾರ. ಸಂಜೆ ಬಂದಾಗ ಇಟ್ಟಲ್ಲೇ ಇತ್ತು.

ಸೋಮವಾರವೂ ಹಾಗೆಯೇ ಇಟ್ಟು, ಕೋಟೆ ನೋಡಲು ಹೋದೆವು. ಅಲ್ಲಿನ ಕೋಟೆ ಕೆಂಪು ಮರಳುಗಲ್ಲಿನ ಗುಡ್ಡದ ಮೇಲಿದೆ. ನಮ್ಮವರು ಬುರುಜಿನ ಕಲ್ಲಿಗೆ ಕೈಯಿಟ್ಟು, "ಪರವಾಗಿಲ್ಲ, ಕಟ್ಟವ್ರೆ. ಆದ್ರೂ ನಮ್ ದುರ್ಗದ ಬಂಡೆ ನೋಡಿದ್ರೆ ಇವ್ರು ಎದೆ ಒಡ್ಕಂತಾರೆ" ಎಂದರು. ಗುಡ್ಡ ಇಳಿದು ಬಂದು ಟ್ರಾಮ್ ಹತ್ತಿದೆವು. ಕಂಡಕ್ಟರ್ ಇಲ್ಲದ ಗಾಡಿ ಅವರಿಗೆ ಬಹಳ ಹೊತ್ತು ಅರಗಲಿಲ್ಲ. ಪ್ರತಿ ನಿಲ್ದಾಣದಲ್ಲೂ ಬಾಗಿಲು ಮುಚ್ಚಿದ ಕೂಡಲೇ ತಾವೇ ಮೆಲ್ಲಗೆ "ರೈಟ್!" ಅನ್ನುತ್ತಿದ್ದರು. ಗಾಡಿ ಹೊರಡುತ್ತಿತ್ತು. "ನೋಡ್ದೇನೇ, ನನ್ ಮಾತು ಇಲ್ಲೂ ನಡೀತೈತೆ."

ಹೋಟೆಲಿಗೆ ಬಂದರೆ ಬಾಗಿಲ ಮುಂದೆ ಕಂಬಳಿ ಇಲ್ಲ.

ಅವರು ಒಳಗೆ ಹೋಗಿ ನೋಡಿದರು, ಮಂಚದ ಕೆಳಗೆ ನೋಡಿದರು, ಮತ್ತೆ ಹೊರಗೆ ಬಂದು ಅದೇ ಖಾಲಿ ಜಾಗ ನೋಡುತ್ತ ನಿಂತರು. ನಾನು ಕೆಳಗಿಳಿದೆ. ಹೋಟೆಲ್ ನೋಡಿಕೊಳ್ಳುತ್ತಿದ್ದವರು ನನ್ನ ವಯಸ್ಸಿನ ಹೆಂಗಸು, ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ಹಾಕಿಕೊಂಡಿದ್ದರು. ಅಕ್ಕನ ಮಗಳಿಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ. ಇಬ್ಬರೂ ಮಾತಾಡಿದರು. ಆ ಹೆಂಗಸಿನ ಮುಖ ಕೆಂಪಾಯಿತು. ಫೋನ್ ನನ್ನ ಕೈಗೆ ಬಂತು.

"ಚಿಕ್ಕಮ್ಮ, ಒಗೆಯಾಕೆ ಹಾಕೋ ಬಟ್ಟೇನ ಬಾಗಿಲ ಹೊರಗಿಡ್ಬೇಕು ಅಂತ ಕೋಣ್ಯಾಗೆ ಬರೆದವ್ರಂತೆ. ಕೆಲಸದೋರು ಅಂಗೇ ಅಂದ್ಕಂಡು ಚೀಲಕ್ಕೆ ಹಾಕವ್ರೆ. ಲಾಂಡ್ರಿ ಗಾಡಿ ಆಗ್ಲೇ ತಗಂಡು ಹೋತಂತೆ."

"ಬಿಸಿನೀರಾ?"

"ಬಿಸಿನೀರೇ. ಫೋನ್ ಮಾಡ್ತಾವ್ರೆ, ಯಾರೂ ಎತ್ತಾಕಿಲ್ಲ. ನಾನು ಡ್ಯೂಟಿ ಬಿಟ್ಟು ಬರಾಕಾಗಲ್ಲ, ನೀವೇ ಹೋಗ್ರಿ, ಬೇಗ ಹೋಗ್ರಿ."

ಬಿಸಿನೀರಿಗೂ ತಿರುಗುವ ಯಂತ್ರಕ್ಕೂ ಸಿಕ್ಕ ಉಣ್ಣೆ ಏನಾಗುತ್ತದೆಂದು ಆಸ್ಪತ್ರೆಯ ಲಾಂಡ್ರಿ ನೋಡಿದ ನನಗೆ ಗೊತ್ತಿತ್ತು. ಹೋದವಾರ ಹೊದೆಯುತ್ತಿದ್ದ ಶಾಲು ಈ ವಾರ ಮೇಜಿನ ಮೇಲೆ ಹಾಸುವಷ್ಟಾಗಿರುತ್ತದೆ. ಯಜಮಾನರಿಗೆ ಅದನ್ನು ಹೇಳಲಿಲ್ಲ. "ಏಳ್ರಿ, ಹೋಗಾಣ" ಎಂದೆ. ಆ ಹೆಂಗಸು ಕಾಗದದ ಮೇಲೆ ವಿಳಾಸವನ್ನೂ ನಡೆದ ಸಂಗತಿಯನ್ನೂ ಬರೆದು, ಯಾವ ಟ್ರಾಮ್ ಎಂದು ಬೀದಿಯವರೆಗೆ ಬಂದು ತೋರಿಸಿದರು.

ಲಾಂಡ್ರಿ ಊರ ಹೊರಗಿತ್ತು, ಮತ್ತೆ ಟ್ರಾಮ್ ಹತ್ತಿದೆವು. ಬಾಗಿಲು ಮುಚ್ಚಿತು, ತೆರೆಯಿತು, ಮುಚ್ಚಿತು. ಇವರು ಒಮ್ಮೆಯೂ ರೈಟ್ ಎನ್ನಲಿಲ್ಲ. ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಮಾವನವರು ತೀರಿಕೊಂಡ ದಿನ ಸುದ್ದಿ ಬಂದಾಗ ಹೊಸದುರ್ಗದ ಬಸ್ಸಿನಲ್ಲಿ ಪ್ರಯಾಣಿಕರ ಸೀಟಿನಲ್ಲಿ ಹೀಗೇ ಕುಳಿತು ಹೋಗಿದ್ದರು. ಹತ್ತಿದವರಿಗೆ ಟಿಕೆಟ್ ಕೊಡುವ ಕೈ ಅಂದು ಸುಮ್ಮನಿತ್ತು.

ಲಾಂಡ್ರಿಯಲ್ಲಿ ನೀಲಿ ಏಪ್ರನ್ನಿನ ದೊಡ್ಡ ಆಳೊಬ್ಬ ಕಾಗದ ಓದಿ, ನಮ್ಮನ್ನು ಒಳಗೆ ಕರೆದೊಯ್ದ. ಸಾಲಾಗಿ ಯಂತ್ರಗಳು, ಒಂದೊಂದಕ್ಕೂ ದುಂಡು ಗಾಜಿನ ಬಾಗಿಲು. ಒಳಗೆ ಬಿಳಿ ಬಟ್ಟೆ ತಿರುಗುತ್ತಿತ್ತು, ಬಿಳಿ, ಬಿಳಿ. ಕೊನೆಯ ಯಂತ್ರದಲ್ಲಿ ಬಣ್ಣದ ಕಾಲೊರಸುಗಳ ನಡುವೆ ಕಪ್ಪಗಿನದೊಂದು ಮೇಲೆ ಬಂತು, ಕೆಳಗೆ ಬಿತ್ತು. ನೀರು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿತ್ತು.

ತೆಗೆಯಲಾಗದು, ಮುಗಿಯುವವರೆಗೆ ಬಾಗಿಲು ತೆರೆಯದು ಎಂದು ಅವನು ಕೈಸನ್ನೆ ಮಾಡಿದ. ನಮ್ಮವರು ಗಾಜಿಗೆ ಅಂಗೈ ಒತ್ತಿ ನಿಂತರು.

"ನಮ್ಮಪ್ಪ ಗಿರಗಿರ ತಿರುಗ್ತಾವ್ನೆ ನೋಡೇ" ಎಂದರು. ಅದು ತಮಾಷೆಯ ಮಾತೇ. ಅವರು ನಗಲಿಲ್ಲ, ನಾನೂ ನಗಲಿಲ್ಲ.

ಯಂತ್ರ ನಿಂತಿತು. ಆಳು ಅದನ್ನು ಎಳೆದು ತೆಗೆದು, ಒಣಗಿಸುವ ಯಂತ್ರದ ಕಡೆ ಒಯ್ಯುವವನಿದ್ದ. "ಬ್ಯಾಡ!" ಎಂದು ವಾರ್ಡಿನಲ್ಲಿ ಕೂಗುವ ದನಿಯಲ್ಲಿ ಕೂಗಿದೆ. ಅವನು ಅಲ್ಲೇ ನಿಂತ. ಆ ಒಂದು ಕನ್ನಡದ ಮಾತು ಅವನಿಗೆ ಚೆನ್ನಾಗಿ ತಿಳಿಯಿತು. ಕಂಬಳಿಯನ್ನು ಮೇಜಿನ ಮೇಲೆ ಹರವಿದೆವು. ಹಬೆಯಾಡುತ್ತಿತ್ತು. ಆಳುದ್ದದ ಕಂಬಳಿ ತೊಟ್ಟಿಲ ಹಾಸಿನಷ್ಟಾಗಿ, ದಪ್ಪಗೆ ಗಟ್ಟಿಯಾಗಿತ್ತು. ಯಜಮಾನರು ಅದರ ಉದ್ದ ಅಳೆದರು, ಕೈ ಚಾಚಿದಷ್ಟೂ ಇರಲಿಲ್ಲ.

"ಅಪ್ಪ ನನ್ ಅಳತೆಗೆ ನೇಯ್ದಿದ್ದ. ಇವ್ರು ನಾನು ಹುಟ್ಟಿದಾಗಿನ ಅಳತೆಗೆ ತಂದವ್ರೆ."

ಆಮೇಲೆ ಮುಖ ಆ ಕಡೆ ತಿರುಗಿಸಿದರು.

ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ನೀರು ತೊಟ್ಟಿಕ್ಕಿಸುತ್ತ ಹೋಟೆಲಿಗೆ ಬಂದೆವು. ಆ ಹೆಂಗಸು ಬೀರುವಿನಿಂದ ಹೊಸ ಹೊದಿಕೆಯೊಂದನ್ನು ತಂದು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಇವರು ಕೈ ಮುಗಿದು ಬೇಡವೆಂದರು. ನನಗೆ ಅಲ್ಲಿ ಅಳುತ್ತ ಕೂರುವುದು ಆಗುವುದಿಲ್ಲ. ಉಣ್ಣೆ ಒದ್ದೆಯಾಗಿ ಬಿಸಿ ಇರುವವರೆಗೆ ಎಳೆದರೆ ಬರುತ್ತದೆ, ಒಣಗಿದರೆ ಮುಗಿಯಿತು. ಹಿಂದುಗಡೆ ಸೈಕಲ್ ನಿಲ್ಲಿಸುವ ಸಣ್ಣ ಅಂಗಳವಿತ್ತು. ಆ ಹೆಂಗಸಿಗೆ ಕೆಟಲ್ ತೋರಿಸಿ, ನೀರು ಸುರಿಯುವ ಸನ್ನೆ ಮಾಡಿದೆ. ಅವರು ಓಡಿದರು.

"ಬರ್ರಿ, ಆ ಮೂಲೆ ಹಿಡ್ಕಳ್ರಿ" ಎಂದೆ.

"ಆಗಾಕಿಲ್ಲ ಬಿಡೇ."

"ಹಿಡ್ಕಳ್ರಿ ಅಂದೆ."

ಹಿಡಿದರು. ಬಿಸಿನೀರು ಚಿಮುಕಿಸಿ ನಾನೊಂದು ಕಡೆ, ಅವರೊಂದು ಕಡೆ ಎಳೆದೆವು. ಇಬ್ಬರು ಎಳೆದರೆ ಅದು ಹಗ್ಗದಂತೆ ಉದ್ದವಾಗುತ್ತದೆಯೇ ಹೊರತು ಅಗಲಕ್ಕೆ ಬರುವುದಿಲ್ಲ. ನಮ್ಮನ್ನು ನೋಡುತ್ತಿದ್ದ ಹೆಂಗಸು ಕನ್ನಡಕವನ್ನು ಅಂಗಿಯೊಳಗೆ ಸೇರಿಸಿ, ಅದರ ತೋಳು ಮೇಲಕ್ಕೆ ಮಡಚಿ, ಮೂರನೆಯ ಮೂಲೆ ಹಿಡಿದರು. ಅಷ್ಟರಲ್ಲಿ ಅಕ್ಕನ ಮಗಳು ಡ್ಯೂಟಿ ಮುಗಿಸಿ ಏದುಸಿರು ಬಿಡುತ್ತ ಬಂದಳು.

"ಏನ್ ಚಿಕ್ಕಪ್ಪ, ಹಗ್ಗಜಗ್ಗಾಟ ಆಡ್ತಾ ಅದೀರಾ?"

"ಹಲ್ ಬಿಡಬ್ಯಾಡ, ಮೂಲೆ ಹಿಡಿ. ಹಿರಿಯೂರೋರಿಗೆ ತೆಂಗಿನಕಾಯಿ ಎಣಿಸಾದೊಂದೇ ಗೊತ್ತು."

ಅವರು ಬೈದದ್ದು ಕೇಳಿ ನನಗೆ ಜೀವ ಬಂದಂತಾಯಿತು. ಕಂಬಳಿ ಕಾಣೆಯಾದಾಗಿನಿಂದ ದನಿ ಇಳಿಸಿಕೊಂಡಿದ್ದ ಮನುಷ್ಯ ಈಗ ದನಿ ಎತ್ತಿದರು, ಅದು ಶ್ರೀರಾಂಪುರದ ಓಣಿಯಲ್ಲಿ ನಾನು ಕೇಳಿದ್ದ ಮಾವನವರದೇ ದನಿ. "ಎಳೀರಿ... ಹೂಂ, ಸಡ್ಲ ಬಿಡಬ್ಯಾಡ್ರಿ... ಇನ್ನೊಂದೀಟು ಎಳೀರಿ!" ಆ ಜರ್ಮನ್ ಹೆಂಗಸಿಗೆ ಭಾಷೆ ತಿಳಿಯದಿದ್ದರೂ ಎಲ್ಲಿ ಎಳೆಯಬೇಕು, ಎಲ್ಲಿ ಹಿಡಿಯಬೇಕು ಎಂಬುದು ತಿಳಿದುಹೋಯಿತು. ಮೇಲಿನ ಕಿಟಕಿಯೊಂದರಿಂದ ಯಾರೋ ಇಣುಕಿ ನೋಡಿದರು. ಕೆಟಲ್ ಮತ್ತೆ ಮತ್ತೆ ಕಾಯಿತು. ನನ್ನ ಸೀರೆ ಒದ್ದೆಯಾಯಿತು. ಈ ಸಲ ನಾನು ಬೆರಳ ತುದಿಯಲ್ಲಿ ಹಿಡಿದಿರಲಿಲ್ಲ, ಮುಷ್ಟಿ ಬಿಗಿದು ಹಿಂದಕ್ಕೆ ವಾಲಿ ಎಳೆಯುತ್ತಿದ್ದೆ.

ಕತ್ತಲಾಗುವ ಮುಂಚೆ ಅದನ್ನು ಸೈಕಲ್ ಕಂಬಿಗಳಿಗೆ ಬಿಗಿದು ಕಟ್ಟಿದೆವು. ಮರುದಿನ ಒಣಗಿದ ಮೇಲೆ ಯಜಮಾನರು ನೆಲದ ಮೇಲೆ ಮಲಗಿ ಹೊದ್ದು ನೋಡಿದರು. ಹೆಗಲಿಂದ ಮೊಣಕಾಲಿನವರೆಗೆ ಬಂತು, ಪಾದ ಹೊರಗೇ ಉಳಿಯಿತು.

"ಸಾಕು ಬಿಡು. ಕಾಲಿಗೆ ಸಾಕ್ಸ್ ಹಾಕ್ಕಂತೀನಿ."

ಆಮೇಲೆ ಎದ್ದು ಕುಳಿತು ಅಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಹುಡುಕಿದರು. ನಾಲ್ಕು ಜನ ನಾಲ್ಕು ಬಲದಲ್ಲಿ ಎಳೆದದ್ದರಿಂದ ಈಗ ನಾಲ್ಕು ಅಂಚೂ ಓರೆಯಾಗಿದ್ದವು. "ಅಪ್ಪನ ಓರೆ ಯಾವ್ದು, ನಮ್ದು ಯಾವ್ದು, ಗೊತ್ತೇ ಆಗಾಕಿಲ್ಲ" ಎಂದರು. ಆ ಮಾತಿನಲ್ಲಿ ದುಃಖವಿತ್ತೋ ಸಮಾಧಾನವಿತ್ತೋ ನಾನು ಕೇಳಲಿಲ್ಲ. ನಾನು ಕಂಬಳಿಯನ್ನು ಮೂಸಿ ನೋಡಿದೆ. ಕುರಿಯಿಲ್ಲ, ಹೊಗೆಯಿಲ್ಲ, ಹುಣಸೆಬೀಜವಿಲ್ಲ. ವಾರ್ಡಿಗೆ ಬಿಡುವಷ್ಟು ಚೊಕ್ಕಟವಾಗಿತ್ತು. ಅಂಥ ಚೊಕ್ಕಟವನ್ನು ನಾನು ಬಯಸಿರಲಿಲ್ಲ.

ಉಳಿದ ದಿನಗಳಲ್ಲಿ ಅದಕ್ಕೊಂದು ಜಾಗ ಸಿಕ್ಕಿತು. ಬೆಳಿಗ್ಗೆ ಆ ಹೆಂಗಸೇ ಕೈ ಚಾಚಿ ಕಂಬಳಿ ಇಸಿದುಕೊಂಡು ಅಂಗಳದ ಕಂಬಿಯ ಮೇಲೆ ಹರವುತ್ತಿದ್ದರು, ಸಂಜೆ ಮಡಚಿ ತಂದುಕೊಡುತ್ತಿದ್ದರು. ಹೊರಡುವ ದಿನ ನಾನು ಕೋಣೆಯ ಎರಡೂ ಹಾಸಿಗೆ ಸರಿಪಡಿಸಿ, ಕಿಟಕಿ ಒರೆಸಿ, ಬೀಗದ ಕೈ ಕೊಟ್ಟೆ. ಅಷ್ಟು ಒಪ್ಪವಾದ ಕೋಣೆ ನನಗೆ ಮತ್ತೆ ಸಿಕ್ಕಿಲ್ಲ. ಈಗಲೂ ಯಾವುದಾದರೂ ಲಾಡ್ಜಿನ ಕಿಟಕಿಯಲ್ಲಿ ಧೂಳು ಕಂಡರೆ ಅದು ನೆನಪಾಗುತ್ತದೆ, ಅದರ ಜೊತೆಗೆ ಆ ಅಂಗಳ, ಆ ಕೆಟಲ್ ನೆನಪಾಗುತ್ತವೆ.

ಈಚೆಗೆ ಯಜಮಾನರಿಗೆ ಮೊಣಕಾಲು ನೋವು. ಬೇಗ ಏಳಲಾಗುವುದಿಲ್ಲ. ಕಂಬಳಿ ಕೊಡವಿ ಕಾಂಪೌಂಡ್ ಗೋಡೆಯ ಮೇಲೆ ಹಾಕುವ ಕೆಲಸ ಈಗ ನನ್ನದು. ಅದಾದ ಮೇಲೆಯೇ ನಾನು ಮುಖ ತೊಳೆಯುವುದು. ಒಳಗಿನಿಂದ ದಿನಾ ಅದೇ ಕೂಗು ಬರುತ್ತದೆ.

"ಹೊರಗೆ ಹಾಕಿದ್ಯೇನೇ?"

"ಹಾಕಿದೀನಿ."

"ಯಾರೂ ಒಗೆಯಾಕೆ ತಗಂಡು ಹೋಗಿಲ್ವಾ?"

"ಇಲ್ರೀ, ಇಲ್ಲೇ ಐತೆ. ಎದ್ದು ಬಂದು ನೋಡ್ರಿ."

ಸ್ವಲ್ಪ ಹೊತ್ತಿನ ಮೇಲೆ ಗೋಡೆ ಹಿಡಿದುಕೊಂಡು ಬಂದು ನೋಡುತ್ತಾರೆ.