ಅಪ್ಪ ಆರಿಸಿದ ಲ್ಯಾಪ್‌ಟಾಪ್

ನನ್ನ ಹಳೆಯ ಲ್ಯಾಪ್‌ಟಾಪಿನ ಫ್ಯಾನು ಜೋರಾಗಿ ತಿರುಗಲು ಶುರುವಾದರೆ ಅಮ್ಮ ಅಡಿಗೆಮನೆಯಿಂದ, "ಈ ಒತ್ತಿನಾಗೆ ಯಾರು ಮದ್ದು ಒಡೀತಾವ್ರೆ?" ಎಂದು ಕೇಳುತ್ತಿದ್ದಳು. ದ್ರಾಕ್ಷಿ ಚಪ್ಪರಕ್ಕೆ ಔಷಧ ಸಿಂಪಡಿಸುವ ಯಂತ್ರಕ್ಕೂ ಅದಕ್ಕೂ ಸದ್ದಿನಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಕಾಲೇಜಿಗೆಂದು ತೆಗೆದುಕೊಂಡಿದ್ದ ಲ್ಯಾಪ್‌ಟಾಪ್ ಅದು. ನಾನು ಓದು ಮುಗಿಸಿ ತಮಿಳುನಾಡಿನ ಉತ್ತಮಪಾಳಯದ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರಾಗಿ ಐದು ವರ್ಷವಾದರೂ ಅದನ್ನೇ ಉಜ್ಜುತ್ತಿದ್ದೆ.

ಭಾನುವಾರ ಮಧ್ಯಾಹ್ನ ಕಾಲೇಜಿನ ಮೂವರು ಗೆಳತಿಯರ ಜೊತೆ ಆನ್‌ಲೈನಿನಲ್ಲಿ ಆಡುವುದು ನನ್ನ ಅಭ್ಯಾಸ. ನಾಲ್ವರ ತಂಡದ ಆಟ, ಗುರಿಯಿಟ್ಟು ಹೊಡೆಯಬೇಕು. ಆ ವರ್ಷ ಆಟಕ್ಕೆ ದೊಡ್ಡದೊಂದು ಅಪ್‌ಡೇಟ್ ಬಂದ ಮೇಲೆ ನನ್ನ ಪರದೆ ಮೇಲೆ ಎಲ್ಲವೂ ತಡೆತಡೆದು ನಡೆಯತೊಡಗಿತು. ನಾನು ಬಾಗಿಲು ದಾಟುವಷ್ಟರಲ್ಲಿ ಸತ್ತುಹೋಗಿರುತ್ತಿದ್ದೆ. ಎರಡು ತಿಂಗಳು ನೋಡಿದರು. ಒಂದು ಭಾನುವಾರ ಹೋದರೆ ನನ್ನ ಜಾಗದಲ್ಲಿ ಬೇರೊಬ್ಬಳಿದ್ದಳು. "ನೀನು ಹೊಸದು ತಗೊಂಡ ಮೇಲೆ ಬಾ" ಎಂದರು. ಸರಿ ಎಂದು ನಗುತ್ತಲೇ ಮುಚ್ಚಿದೆ. ಆಮೇಲೆ ಟೆರೇಸಿಗೆ ಹೋಗಿ ಒಣಗದ ಬಟ್ಟೆಗಳನ್ನೆಲ್ಲ ಎತ್ತಿಕೊಂಡು ಬಂದೆ, ಮತ್ತೆ ಹೋಗಿ ಹರವಿದೆ.

ಅಂದಿನಿಂದ ನನಗೊಂದು ಚಟ ಹತ್ತಿತು. ಸೆಕೆಂಡ್ ಹ್ಯಾಂಡ್ ಮಾರುವವರ ಜಾಹೀರಾತುಗಳನ್ನು ನೋಡುವುದು. ಬಸ್ಸಿನಲ್ಲಿ, ಪರೀಕ್ಷೆಯ ಕಾವಲಿನಲ್ಲಿ, ಕುಕ್ಕರಿನ ಎರಡನೆಯ ಮೂರನೆಯ ಸೀಟಿಗಳ ನಡುವೆ. ಗ್ರಾಫಿಕ್ಸ್ ಚಿಪ್ಪುಗಳ ನಂಬರುಗಳು ನನಗೆ ಮಕ್ಕಳ ರೋಲ್ ನಂಬರಿಗಿಂತ ಚೆನ್ನಾಗಿ ಬಾಯಿಗೆ ಬಂದಿದ್ದವು. ಹೊಸ ಗೇಮಿಂಗ್ ಲ್ಯಾಪ್‌ಟಾಪಿಗೆ ಬೇಕಾದ ಹಣದಲ್ಲಿ ಅರ್ಧವೂ ನನ್ನ ಹತ್ತಿರ ಇರಲಿಲ್ಲ. ಇದ್ದುದರಲ್ಲೇ ಏನಾದರೂ ಸಿಗಬೇಕಿತ್ತು.

ಮನೆಯಲ್ಲಿ ನನಗಿಂತ ಚಡಪಡಿಸುವವರು ಇನ್ನೊಬ್ಬರಿದ್ದರು. ಅಪ್ಪ. ಅವನು ಲಾರಿ ಡ್ರೈವರು. ಕಂಬಂ ಕಣಿವೆಯ ದ್ರಾಕ್ಷಿ, ತರಕಾರಿ ತುಂಬಿಕೊಂಡು ಕುಮಿಳಿ ಘಾಟು ಹತ್ತಿ ಕೇರಳಕ್ಕೆ ಇಳಿಯುವುದು ಅವನ ಬದುಕಾಗಿತ್ತು. ಎರಡು ವರ್ಷದ ಹಿಂದೆ ಲೈಸೆನ್ಸ್ ನವೀಕರಣದ ಕಣ್ಣಿನ ಪರೀಕ್ಷೆಯಲ್ಲಿ ತಡೆದರು. ತೇನಿಯ ಕಣ್ಣಿನ ಡಾಕ್ಟರು ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ, ದಿನಾ ಡ್ರಾಪ್ಸ್ ಹಾಕಿ, ಆರು ತಿಂಗಳಿಗೊಮ್ಮೆ ಬನ್ನಿ ಎಂದರು. ಅಪ್ಪ ಒಂದು ಬಾಟಲಿ ಮುಗಿಸಿ ನಿಲ್ಲಿಸಿದ. "ನಂಗೆ ನೆಟ್ಟಗೇ ಕಾಣ್ತದೆ. ದುಡ್ ಕೊಟ್ಟೋರಿಗೆ ಕಣ್ಣು ಸರ್ಯಾಗ್ತದೆ, ಕೊಡ್ದೋರಿಗೆ ಆಗಲ್ಲ" ಎಂದು ಲೈಸೆನ್ಸ್ ಆಫೀಸಿನವರ ಮೇಲೆ ತಪ್ಪು ಹಾಕಿದ. ಹನುಮಂತನಪಟ್ಟಿಯ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ, ಬಸ್ ಸ್ಟಾಪಿನಿಂದ ಮನೆಗೆ, ದಿನಕ್ಕೆ ಹತ್ತು ಸಲ ನಡೆಯುತ್ತಿದ್ದ. ಹಾದುಹೋಗುವ ಲಾರಿ ಗೇರು ಬದಲಿಸಿದ ಸದ್ದು ಕೇಳಿದರೆ ಅವನ ಎಡಗೈ ತಾನಾಗಿ ಅಲುಗುತ್ತಿತ್ತು.

ಅವನನ್ನು ಒಂದು ಕಡೆ ಕೂರಿಸಲೆಂದೇ ನಾನು ಲಾರಿ ಓಡಿಸುವ ಆಟವೊಂದನ್ನು ಹಾಕಿಕೊಟ್ಟೆ. ಅದಕ್ಕೆ ಯಾರೋ ಪುಣ್ಯಾತ್ಮರು ನಮ್ಮ ಕಡೆಯ ಘಾಟಿನಂಥದೇ ರಸ್ತೆಯನ್ನು ಮಾಡಿ ಬಿಟ್ಟಿದ್ದರು. ಅದೇ ತಿರುವು, ಅದೇ ಕಪ್ಪು ಬಿಳಿ ತಡೆಗೋಡೆ. ಮೊದಲ ದಿನ ಅವನು ಚಪ್ಪಲಿ ಬಿಟ್ಟು, ಪರದೆಗೆ ಕೈ ಮುಗಿದು ಕೂತ. ಮೂರನೆಯ ದಿನಕ್ಕೆ ದೂರು ಶುರುವಾಯಿತು.

"ತಾಯೀ, ಏರ್‌ದಾಗೆ ವಂಡಿ ಎಳೀತಾ ಇಲ್ಲೆ."

"ವಂಡಿದಲ್ಲ ಅಪ್ಪಾ, ಲ್ಯಾಪ್‌ಟಾಪಿಂದು. ಗ್ರಾಫಿಕ್ಸ್ ಕಮ್ಮಿ."

"ಎಂತದೋ ಒಂದು. ನಾನು ತಿರುಗ್ಸಿ ಆದ ಮ್ಯಾಲೆ ಅದು ತಿರುಗ್ತದೆ. ಅದ್ಕೇ ಎಡಗಡೆ ಓಗಿ ಓಗಿ ಒಡೀತಾ ಐತೆ."

ನಿಜವೇ ಇತ್ತು. ಅವನ ಲಾರಿ ತಿರುವುಗಳಲ್ಲಿ ಗೋಡೆಗೆ, ನಿಂತ ಬಸ್ಸಿಗೆ, ಎಡಗಡೆಯ ಸ್ಕೂಟರಿಗೆ ತಗುಲುತ್ತಲೇ ಇತ್ತು. ನನಗೂ ಅದೇ ಲ್ಯಾಪ್‌ಟಾಪಿನ ಅನುಭವವಾಗಿದ್ದರಿಂದ ಅನುಮಾನ ಬರಲಿಲ್ಲ. ತೇನಿಯ ರಿಪೇರಿ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವರು ಧೂಳು ತೆಗೆದು, ಬಿಸಿ ಇಳಿಸುವ ಹೊಸ ಪೇಸ್ಟ್ ಹಚ್ಚಿ, ಮೆಮೊರಿ ಬೇಕಾದರೆ ಹೆಚ್ಚಿಸಬಹುದು, ಗ್ರಾಫಿಕ್ಸ್ ಚಿಪ್ಪು ಬೋರ್ಡಿಗೇ ಬೆಸೆದಿದೆ, ಬದಲಿಸಲು ಬರುವುದಿಲ್ಲ ಎಂದರು. "ಇಂಜಿನ್ನು ಚಾಸಿ ಜೊತೆಗೇ ಅಂಟ್ಸಿ ಮಾರ್ತಾರಾ? ಏನ್ ನ್ಯಾಯ!" ಎಂದು ಅಪ್ಪ ಬಸ್ಸಿನವರೆಗೂ ಗೊಣಗಿದ.

ಹೊಸದನ್ನು ಹುಡುಕುವುದಕ್ಕೆ ಈಗ ನನಗೊಂದು ಒಳ್ಳೆಯ ನೆಪ ಸಿಕ್ಕಿತು. ಅಪ್ಪನಿಗಾಗಿ ಎಂದು ಅಮ್ಮನಿಗೆ ಹೇಳಿದೆ. ಅದು ಅರ್ಧ ಮಾತ್ರ ನಿಜ.

ದಿಂಡಿಗಲ್ಲಿನಿಂದ ಒಂದು ಜಾಹೀರಾತು ಬಂತು. ನಾನು ಕನಸು ಕಾಣುತ್ತಿದ್ದ ಚಿಪ್ಪು, ಗೀರಿಲ್ಲದ ಮೈ, ಕೀಲಿಗಳ ಕೆಳಗೆ ಬಣ್ಣದ ಬೆಳಕು, ನನ್ನ ಕೈಗೆಟುಕುವ ಬೆಲೆ. ಶನಿವಾರ ಬರುತ್ತೇನೆ ಎಂದೆ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಅಳೇ ವಂಡಿ ನೋಡಾಕೆ ಒಬ್ಬರೇ ಓಗಬಾರ್ದು."

"ಇದು ಲಾರಿ ಅಲ್ಲ ಅಪ್ಪಾ."

"ಮಾರೋನು ಮನುಷ್ಯ ತಾನೇ?"

ತೇನಿಯಲ್ಲಿ ಬಸ್ಸು ಬದಲಿಸಿ ದಿಂಡಿಗಲ್ ಸೇರುವಷ್ಟರಲ್ಲಿ ನಾನು ಆ ಜಾಹೀರಾತನ್ನು ಮೂವತ್ತು ಸಲ ತೆಗೆದು ನೋಡಿದ್ದೆ; ಯಾರಾದರೂ ಮೊದಲೇ ಹೊಡೆದುಕೊಂಡುಬಿಟ್ಟರೆ ಎಂದು. ಬೀಗ ಮಾಡುವವರ ಬೀದಿಯ ಹಿಂದಿನ ಮನೆ. ಮೂವತ್ತರ ಆಸುಪಾಸಿನ, ನಯವಾಗಿ ಮಾತಾಡುವ ಮನುಷ್ಯ. ನಾವು ಹೋದಾಗ ಲ್ಯಾಪ್‌ಟಾಪ್ ಮೇಜಿನ ಮೇಲೆ ಆಗಲೇ ಓಡುತ್ತಿತ್ತು. ಆಟವೊಂದನ್ನು ತೆರೆದು ತೋರಿಸಿದ. ನೀರು ಹರಿದ ಹಾಗೆ ಚಿತ್ರ. ನನ್ನ ಕೈ ಆಗಲೇ ಫೋನಿನಲ್ಲಿ ಹಣ ಕಳಿಸುವ ಜಾಗಕ್ಕೆ ಹೋಗಿತ್ತು.

ಅಪ್ಪ ಏನೂ ನೋಡಲಿಲ್ಲ. ಅಂಗೈಯನ್ನು ಲ್ಯಾಪ್‌ಟಾಪಿನ ಅಡಿಗೆ ಹಾಕಿ ಸುಮ್ಮನೆ ಇಟ್ಟುಕೊಂಡ. ಆ ಮನುಷ್ಯನೊಡನೆ ತಮಿಳಿನಲ್ಲಿ ಊರು, ಬಿಸಿಲು ಎಂದು ಮಾತಾಡುತ್ತಲೇ ನನ್ನ ಕಡೆ ತಿರುಗಿ ಮನೆಯ ಮಾತಿನಲ್ಲಿ ಹೇಳಿದ: "ನಾವು ಬರೋಕೆ ಮುಂಚೇನೇ ಬಿಸಿ ಮಾಡಿ ಇಟ್ಟವ್ನೆ. ತಣ್ಣಗಿದ್ರೆ ಇದು ಏಳಲ್ಲ. ಒಂದ್ ಸಲ ಆರ್‌ಸು ಅನ್ನು ಅವ್ನಿಗೆ."

ನನಗೆ ನಮ್ಮ ಕನ್ನಡ ಅರ್ಥವಾಗುವಷ್ಟು ಸರಾಗವಾಗಿ ಬಾಯಿಗೆ ಬರುವುದಿಲ್ಲ. "ಬೇಡ ಅಪ್ಪಾ, ತಪ್ಪಾ ತಿಳ್ಕೋತಾರೆ" ಎಂದು ಹೇಗೋ ತಡವರಿಸಿದೆ. ಅಪ್ಪ ಕಾಯಲಿಲ್ಲ. ತಾನೇ ತಮಿಳಿನಲ್ಲಿ, ಇದನ್ನು ಒಮ್ಮೆ ಆರಿಸಿ, ಕಾಫಿ ಕುಡಿದು ಬರುತ್ತೇವೆ, ಆಮೇಲೆ ನಮ್ಮೆದುರಿಗೇ ಹಾಕಿ ಎಂದ. ಆ ಮನುಷ್ಯನ ನಯ ಅಲ್ಲಿಗೆ ಸವೆಯಿತು. ಬೇರೆಯವರೂ ಕೇಳಿದ್ದಾರೆ, ನನಗೆ ಕೆಲಸವಿದೆ ಎಂದ. ಅಪ್ಪ ಕುರ್ಚಿಯಿಂದ ಏಳಲಿಲ್ಲ. ಕೊನೆಗೆ ಆತ ಅಲ್ಲೇ, ನಮ್ಮ ಕಣ್ಣೆದುರು ಆರಿಸಿದ. ಒಂದು ಗಂಟೆ. ನಾನು ಉಗುರು ಕಚ್ಚಿದೆ. ಗೋಡೆಯ ಕ್ಯಾಲೆಂಡರಿನ ಹಬ್ಬಗಳನ್ನೆಲ್ಲ ಓದಿ ಮುಗಿಸಿದೆ. ಅಪ್ಪ ಮಾತ್ರ, ಮನೆಯಲ್ಲಿ ಒಂದು ನಿಮಿಷ ಕೂರಲಾರದವನು, ಕಲ್ಲಿನ ಹಾಗೆ ಕೂತಿದ್ದ.

ಮತ್ತೆ ಹಾಕಿದಾಗ ಪರದೆ ಕಪ್ಪಗೇ ಇತ್ತು. ಎರಡನೆಯ ಸಲವೂ ಕಪ್ಪು. ನಾಲ್ಕನೆಯ ಸಲ ಬೆಳಕು ಬಂತು, ಆದರೆ ಉದ್ದಕ್ಕೂ ಹಸಿರು ಗೆರೆಗಳು. "ಬೆಸುಗೆ ಬಿಟ್ಟ ಚಿಪ್ಪನ್ನು ಒಂದು ಸಲ ಬಿಸಿ ಮಾಡಿ ಕೂರಿಸಿದ್ದೇವೆ, ಮೇಡಂ. ಹತ್ತು ನಿಮಿಷ ಓಡಿದರೆ ಸರಿಹೋಗುತ್ತದೆ" ಎಂದು ಆತ ನೆಲ ನೋಡಿದ.

ಗೆದ್ದವರು ನಾವು. ಆದರೂ ದಿಂಡಿಗಲ್ ಬಸ್ ಸ್ಟಾಂಡಿನಲ್ಲಿ ನಾನು ಅಪ್ಪನ ಮೇಲೆಯೇ ಕೂಗಾಡಿದೆ. ಹತ್ತು ನಿಮಿಷ ಕಾದರೆ ಓಡುತ್ತಿತ್ತಲ್ಲ, ಅಷ್ಟು ಬೆಲೆಗೆ ಇನ್ನೆಲ್ಲಿ ಸಿಗುತ್ತದೆ ಎಂದು. ಮೋಸದ ವಸ್ತುವಿಗಾಗಿ ಅಳುತ್ತಿದ್ದೇನೆಂದು ನನಗೇ ಗೊತ್ತಿತ್ತು. ಅಪ್ಪ ಒಂದು ಪೊಟ್ಟಣ ಕಡಲೆಕಾಯಿ ತಂದು ನನ್ನ ಮಡಿಲಿಗೆ ಹಾಕಿದ. "ಇಂಥ ವಂಡಿ ಘಾಟ್‌ನಾಗೆ ನಿಂತ್ಕಂಡ್ರೆ ಗೊತ್ತಾಗ್ತದೆ" ಎಂದನಷ್ಟೆ.

ಎರಡು ವಾರ ಕಳೆದು ವತ್ತಲಗುಂಡಿನಲ್ಲಿ ಇನ್ನೊಂದು ಸಿಕ್ಕಿತು. ಮದುವೆ ವಿಡಿಯೋ ಎಡಿಟ್ ಮಾಡುವ ಹೆಂಗಸು. ದೊಡ್ಡ ಕಂಪ್ಯೂಟರ್ ಕೊಂಡಿದ್ದರಿಂದ ಇದನ್ನು ಮಾರುತ್ತಿದ್ದಳು. ಮುಚ್ಚಳದ ಮೂಲೆ ಒಡೆದಿತ್ತು. ಕೀಲಿಗಳ ಮೇಲೆ ಅಕ್ಷರಗಳು ಸವೆದುಹೋಗಿದ್ದವು. ಚಾರ್ಜರಿನ ವಯರಿಗೆ ಟೇಪು. ಚಿಪ್ಪು ನಾನು ಬಯಸಿದ್ದಕ್ಕಿಂತ ಒಂದು ಮೆಟ್ಟಿಲು ಹಳೆಯದು. ನೋಡಿದ ತಕ್ಷಣ ನನಗೆ ಬೇಡವೆನಿಸಿತು. ಅಪ್ಪ ಅಂಗೈ ಇಟ್ಟ. ತಣ್ಣಗಿತ್ತು. ಗುಂಡಿ ಒತ್ತಿದೊಡನೆ ಎದ್ದಿತು. ಒಂದೂವರೆ ಗಂಟೆ ಓಡಿಸಿದೆವು. ಆಕೆ ನಮಗೆ ಕಾಫಿ ಕೊಟ್ಟು, ಯಾರದೋ ಮದುವೆಯ ಊಟದ ಪಂಕ್ತಿಯನ್ನು ಅದರಲ್ಲೇ ಕತ್ತರಿಸಿ ಜೋಡಿಸಿ ತೋರಿಸಿದಳು. ಎಷ್ಟು ವರ್ಷ ದುಡಿಸಿದಿರಿ, ಎಲ್ಲೆಲ್ಲಿ ಬಿಚ್ಚಿಸಿದಿರಿ ಎಂದು ಅಪ್ಪ ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

"ಬಾಡಿ ಡೊಂಕು. ಇಂಜಿನ್ ನೆಟ್ಟಗೈತೆ. ತಗಾ" ಎಂದ ಅಪ್ಪ.

ತಗೊಂಡೆ. ಮನೆಗೆ ಬಂದ ಸಂಜೆಯೇ ಘಾಟಿನ ರಸ್ತೆ ಹಾಕಿಕೊಟ್ಟೆ. ಮೊದಲ ಸಲ ಆ ಲಾರಿ ತಡವರಿಸದೆ ಏರನ್ನು ಹತ್ತಿತು. ಮರಗಳ ನೆರಳು ಗಾಜಿನ ಮೇಲೆ ಹಾದುಹೋಯಿತು. ಅಮ್ಮ ಕೂಡ ಸೌಟು ಹಿಡಿದುಕೊಂಡೇ ಬಂದು ನೋಡಿದಳು. ಎರಡನೆಯ ತಿರುವಿನಲ್ಲಿ ಅಪ್ಪ ಎಡಗಡೆ ನಿಂತಿದ್ದ ಸ್ಕೂಟರನ್ನು ಕೆಡವಿದ.

ಹೊಸದಲ್ಲವೇ ಎಂದುಕೊಂಡೆವು. ಮತ್ತೆ ಮೊದಲಿಂದ ಶುರು ಮಾಡಿದ. ಮತ್ತೆ ಎಡಗಡೆ, ಈ ಸಲ ತಡೆಗೋಡೆ. ಮೂರನೆಯ ಸಲ, ರಸ್ತೆ ದಾಟುತ್ತಿದ್ದ ಮನುಷ್ಯ ಎಡಗಡೆಯಿಂದ ಬರುವುದು ನನಗೆ ಎಷ್ಟೋ ಮುಂಚೆಯೇ ಕಂಡಿತು. ಅಪ್ಪ ಬ್ರೇಕು ಮುಟ್ಟಲೇ ಇಲ್ಲ.

"ಅಪ್ಪಾ, ಅವ್ನು ಕಾಣ್ಲಿಲ್ವಾ?"

"ಯಾರು?"

ಅವನು ನನ್ನ ಮುಖ ನೋಡಿದ. ಆಮೇಲೆ ಪರದೆ. ಬಲಗಣ್ಣು ಮುಚ್ಚಿದ, ಎಡಗಣ್ಣು ಮುಚ್ಚಿದ. ಎಡಗಡೆಯ ಕನ್ನಡಿಯ ಚಿತ್ರದ ಮೇಲೆ ನಾನು ಬೆರಳಿಟ್ಟು, "ಇಲ್ಲಿ ಏನೈತೆ?" ಎಂದೆ. ಅವನು ಇಡೀ ಕತ್ತನ್ನು ತಿರುಗಿಸಿ, ಆಮೇಲೆ, "ಬೆರಳೈತೆ" ಎಂದ. ತಿರುಗಿಸುವವರೆಗೂ ಅವನಿಗೆ ಬೆರಳೂ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ಇಲ್ಲವೆಂಬುದೂ ಗೊತ್ತಿರಲಿಲ್ಲ.

"ವಂಡಿ ಮ್ಯಾಲೆ ತಪ್ಪಿಲ್ಲೆ" ಎಂದು ಬಹಳ ಮೆಲ್ಲಗೆ ಹೇಳಿದ.

ಎದ್ದು ಹೊರಗೆ ಹೋದ. ಬಸ್ ಸ್ಟಾಪಿನ ಕಡೆಗಲ್ಲ, ಅದಕ್ಕೆ ವಿರುದ್ಧವಾಗಿ, ಗದ್ದೆಯ ಕಡೆಗೆ. ನಾನು ಹಿಂದೆಯೇ ಹೋದೆ. ಕಾಲುವೆಯ ಕಟ್ಟೆಯ ಮೇಲೆ ಕೂತು ಅವನು ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದ. ಹಿಂದಿನ ಬೀದಿಯವರ ಸಣ್ಣ ಸಾಮಾನಿನ ಗಾಡಿಯನ್ನು ಬರುವ ತಿಂಗಳಿನಿಂದ ತಾನು ಓಡಿಸುವುದೆಂದು ಮಾತಾಗಿತ್ತಂತೆ. ಬೆಳಗಿನ ಜಾವ ದ್ರಾಕ್ಷಿ ತುಂಬಿಕೊಂಡು ಕಂಬಂ ಮಾರ್ಕೆಟ್ಟಿಗೆ. ಆ ಹೊತ್ತಿನಲ್ಲಿ ಯಾರೂ ಲೈಸೆನ್ಸ್ ಕೇಳುವುದಿಲ್ಲವೆಂದು.

"ಆ ರೋಡ್‌ನಾಗೆ ಪಳ್ಳಿಕೂಡದಾಗೆ ಓದೋ ಮಕ್ಕಳು ಟ್ಯೂಶನ್‌ಗೆ ಎಡಗಡೇನೇ ನಡ್ಕಂಡು ಓಗ್ತಾವೆ, ತಾಯಿ" ಎಂದ. ಅವನ ಎಡಗಡೆ ಕೂತಿದ್ದವಳು ಎದ್ದು ಬಲಗಡೆಗೆ ಬಂದು ಕೂತೆ.

ಮರುದಿನ ಅವನೇ ಹೋಗಿ ಗಾಡಿಯ ಮಾತನ್ನು ಮುರಿದು ಬಂದ. ಒಂದು ವಾರ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ನಾನು ಭಾನುವಾರ ಗೆಳತಿಯರಿಗೆ ಮೆಸೇಜು ಹಾಕಿದೆ. ಸದ್ಯಕ್ಕೆ ತಂಡ ಭರ್ತಿ, ಯಾರಾದರೂ ಬಾರದಿದ್ದರೆ ಕರೆಯುತ್ತೇವೆ ಎಂದರು. ಒಬ್ಬಳೇ ಆಡಿದೆ. ಎಲ್ಲವೂ ಸ್ಪಷ್ಟವಾಗಿತ್ತು, ವೇಗವಾಗಿತ್ತು, ಆದರೂ ಹತ್ತು ನಿಮಿಷಕ್ಕೊಮ್ಮೆ ಎದ್ದು ಅಪ್ಪ ಎಲ್ಲಿದ್ದಾನೆಂದು ನೋಡಿ ಬರುತ್ತಿದ್ದೆ.

ಅದರ ಮುಂದಿನ ಗುರುವಾರ, ನಾನು ಶಾಲೆಗೆ ಹೊರಟಾಗ ಅವನು ಕಣ್ಣಿನ ಡಾಕ್ಟರ ಹಳೆಯ ಚೀಟಿಯನ್ನು ಹಿಡಿದು ನಿಂತಿದ್ದ. ತೇನಿಗೆ ಹೋಗಬೇಕು ಎಂದ. ರಜೆ ಹಾಕಿ ಜೊತೆಗೆ ಹೋದೆ. ಆಸ್ಪತ್ರೆಯಲ್ಲಿ ಅವನನ್ನು ಒಂದು ಕತ್ತಲೆ ಕೋಣೆಗೆ ಕರೆದೊಯ್ದು, ಗುಡಾಣದಂಥ ಬಿಳಿ ಯಂತ್ರದೊಳಗೆ ಗದ್ದ ಇರಿಸಿ, ಕೈಗೊಂದು ಗುಂಡಿ ಕೊಟ್ಟರು. ಎಲ್ಲಿ ಬೆಳಕಿನ ಚುಕ್ಕೆ ಕಂಡರೂ ಒತ್ತಬೇಕು. ಹೊರಗೆ ಕೂತ ನನಗೆ ಆ ಗುಂಡಿಯ ಟಿಕ್ ಟಿಕ್ ಕೇಳುತ್ತಿತ್ತು. ನಡುವೆ ಬಹಳ ಹೊತ್ತು ಕೇಳುತ್ತಿರಲಿಲ್ಲ.

ಕಣ್ಣೊರೆಸಿಕೊಳ್ಳುತ್ತ ಬಂದ. "ಅಲ್ಲೂ ಗೇಮೇ ಆಡ್ಸಿದ್ರು. ಮಾರ್ಕು ಭಾಳ ಕಮ್ಮಿ" ಎಂದು ನಗಲು ನೋಡಿದ.

ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಡ್ರಾಪ್ಸ್ ಎರಡಾದವು. ಔಷಧದ ಅಂಗಡಿಯ ಮುಂದೆ ರಸ್ತೆ ದಾಟುವಾಗ ಅಪ್ಪ ನಿಂತು, ಕತ್ತನ್ನು ಪೂರ್ತಿ ಎಡಕ್ಕೆ ಹೊರಳಿಸಿ, ಮತ್ತೊಮ್ಮೆ ಹೊರಳಿಸಿ ನೋಡಿದ. ಆಮೇಲೆ ನನ್ನ ಕೈ ಹಿಡಿದುಕೊಂಡ. ಇಬ್ಬರೂ ದಾಟಿದೆವು.